ಮೂರು ಬ್ಯಾಂಡ್‌ಗೆ ಒಂದೇ ಪುಟ್ಟ 10 ವ್ಯಾಟ್ ಆಂಪ್ಲಿಫೈಯರ್: ಬ್ಯಾಟರಿ ಬೇಗ ಇಳಿಯುತ್ತೆ, 14 ಮೆಗಾಹರ್ಟ್ಸ್‌ನಲ್ಲಿ ಪವರ್ ಬರಲ್ಲ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ಕರೆಂಟೂ ಟವರೂ ಒಟ್ಟಿಗೆ ಕೈಕೊಟ್ಟಾಗ ತೀರ್ಥಹಳ್ಳಿ, ಹೊಸನಗರ, ಸಾಗರದ ನಡುವೆ ಮಾತಾಡೋಕೆ ಹೆಗಲಿಗೇರಿಸಿಕೊಂಡು ಹೋಗುವಂಥ ಹ್ಯಾಮ್ (ಹವ್ಯಾಸಿ ರೇಡಿಯೋ) ಸೆಟ್ ಬೇಕು. ವಿಎಚ್‌ಎಫ್ (30 ಮೆಗಾಹರ್ಟ್ಸ್‌ಗೂ ಮೇಲಿನ ಅಲೆ) ಗುಡ್ಡ ದಾಟಲ್ಲ. ಹಾಗಾಗಿ ಹಗಲಿಗೆ 7, ರಾತ್ರಿಗೆ 3.5, ದೂರಕ್ಕೆ 14 ಮೆಗಾಹರ್ಟ್ಸ್. ಎಸ್‌ಎಸ್‌ಬಿ, ಅಂದ್ರೆ ಧ್ವನಿಯಲ್ಲಿ ಮಾತಾಡೋ ವಿಧಾನ, ಮುಖ್ಯ.

ಈಗಿನ ಆಂಪ್ಲಿಫೈಯರ್: ಎರಡು ಐಆರ್‌ಎಫ್510 ಟ್ರಾನ್ಸಿಸ್ಟರ್ ಪುಶ್-ಪುಲ್ (ಸರದಿಯಲ್ಲಿ ದುಡಿಯುವ ಜೋಡಿ), ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬಿಎನ್43-202 ಎಂಬ ಎರಡು ತೂತಿನ ಕೋರ್ ಮೇಲೆ 2ಕ್ಕೆ 4 ಸುತ್ತು, 13.5 ವೋಲ್ಟ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. 7 ಮೆಗಾಹರ್ಟ್ಸ್‌ನಲ್ಲಿ ಡಮ್ಮಿ ಲೋಡ್‌ಗೆ (ಆಂಟೆನಾ ಬದಲು ಹಾಕುವ 50 ಓಮ್ ರೆಸಿಸ್ಟರ್) 10 ವ್ಯಾಟ್ ಬರುವಾಗ 1.8 ಆಂಪಿಯರ್ ಎಳೆಯುತ್ತೆ. ಅದೇ ಡ್ರೈವ್‌ಗೆ (ಒಳಗೆ ಕೊಡೋ ಸಿಗ್ನಲ್) 14ರಲ್ಲಿ ಬರೋದು 4 ವ್ಯಾಟ್ ಮಾತ್ರ. ಹೀಟ್‌ಸಿಂಕ್ ಮುಟ್ಟೋಕಾಗಲ್ಲ. ಟ್ರಾನ್ಸಿಸ್ಟರ್ ಬದಲಿಸಬೇಕಾ?

ಗುಡ್ಡದಾಚೆ:
ಟ್ರಾನ್ಸಿಸ್ಟರ್ ಸದ್ಯಕ್ಕೆ ಹಾಗೇ ಇರಲಿ ಸಾರ್. ನಿಮ್ಮ ಬ್ಯಾಟರಿ ತಿಂತಿರೋದು ಆ 2ಕ್ಕೆ 4 ಸುತ್ತು.

ಸುತ್ತು 1:2 ಅಂದ್ರೆ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡೋ ತಡೆ) 1:4. 50 ಓಮ್ ಲೋಡ್ ಡ್ರೇನ್‌ನಿಂದ ಡ್ರೇನ್‌ಗೆ (ಟ್ರಾನ್ಸಿಸ್ಟರ್‌ನಿಂದ ಪವರ್ ಹೊರಬರೋ ಕಾಲು) 12.5 ಓಮ್ ಆಗಿ ಕಾಣುತ್ತೆ. 10 ವ್ಯಾಟ್‌ಗೆ ಪ್ರತಿ ಡ್ರೇನ್ ಬರೀ 7.9 ವೋಲ್ಟ್ ಪೀಕ್ ಓಲಾಡಿದ್ರೆ ಸಾಕು. ಕ್ಲಾಸ್-ಬಿ (ಪ್ರತಿ ಟ್ರಾನ್ಸಿಸ್ಟರ್ ಅರ್ಧ ಅಲೆ ಮಾತ್ರ ದುಡಿಯೋ ವಿಧಾನ) ದಕ್ಷತೆ ಅಂದ್ರೆ 0.785 ಗುಣಿಸು ಪೀಕ್ ವೋಲ್ಟೇಜ್ ಭಾಗಿಸು ಸಪ್ಲೈ ವೋಲ್ಟೇಜ್. ಅಂದರೆ ಹೆಚ್ಚಂದ್ರೆ ಶೇ 46. 21.7 ವ್ಯಾಟ್ ಒಳಗೆ ಹೋಗುತ್ತೆ, 11.7 ವ್ಯಾಟ್ ಶಾಖ. ಫಿಲ್ಟರ್ ಮತ್ತು ಕೋರ್ ನಷ್ಟ ಸೇರಿಸಿದ್ರೆ ನಿಮ್ಮ 1.8 ಆಂಪಿಯರ್‌ಗೆ ಲೆಕ್ಕ ಸರಿಹೊಂದುತ್ತೆ.

ಪ್ರೈಮರಿ 2, ಸೆಕೆಂಡರಿ 3 ಸುತ್ತು ಮಾಡಿ. ಲೋಡ್ 22.2 ಓಮ್ ಆಗುತ್ತೆ, ಸ್ವಿಂಗ್ 10.5 ವೋಲ್ಟ್, ದಕ್ಷತೆ ಶೇ 61. ಅದೇ 10 ವ್ಯಾಟ್‌ಗೆ ಒಳಗೆ 16.4 ವ್ಯಾಟ್ ಸಾಕು, ಶಾಖ 6.4ಕ್ಕೆ ಇಳಿಯುತ್ತೆ. ಆಮೇಲೆ ಪ್ರತಿ ವ್ಯಾಟ್‌ಗೆ 5 ಡಿಗ್ರಿ ಏರುವ ಪುಟ್ಟ ಹೀಟ್‌ಸಿಂಕ್ ಸಾಕು. ಪೆಟ್ಟಿಗೆ ಚಿಕ್ಕದಾಗೋದೂ ಇಲ್ಲೇ.

ಒಂದು ಎಚ್ಚರಿಕೆ: ಡ್ರೇನ್‌ನಲ್ಲಿ 2 ವೋಲ್ಟ್ ಉಳಿಯುತ್ತೆ ಅಂತಿಟ್ಟುಕೊಂಡ್ರೆ ಈ ಲೋಡ್‌ಗೆ ಗರಿಷ್ಠ 11.9 ವ್ಯಾಟ್. ಬ್ಯಾಟರಿ 12 ವೋಲ್ಟ್‌ಗೆ ಇಳಿದಾಗ ಅದು 9 ವ್ಯಾಟ್. ಅದಕ್ಕಿಂತ ಮೇಲೆ ಒತ್ತಿದ್ರೆ ತುದಿ ಕತ್ತರಿಸಿ ಪಕ್ಕದ ಸ್ಟೇಷನ್‌ಗಳ ಮೇಲೆಲ್ಲ ಚೆಲ್ಲುತ್ತೆ. ಡ್ರೈವ್ ಕಮ್ಮಿ ಮಾಡ್ಲೇಬೇಕು.

ಸುತ್ತೋವಾಗ ಎರಡೂ ತೂತಿನಲ್ಲಿ ತಂತಿ ಹೋಗಿ ಬಂದ್ರೆ ಒಂದು ಸುತ್ತು. ಪ್ರೈಮರಿಗೆ 24 ಗೇಜ್, ಸೆಕೆಂಡರಿಗೆ 26. ಮೊದಲ ಸುತ್ತು ಮುಗಿದ ಕಡೆ ಸೆಂಟರ್ ಟ್ಯಾಪ್, ಅಲ್ಲೇ 0.1 ಮತ್ತು 10 ಮೈಕ್ರೋಫ್ಯಾರಡ್ ನೇರ ಗ್ರೌಂಡ್‌ಗೆ.

ಇನ್ನು 14 ಮೆಗಾಹರ್ಟ್ಸ್. ಐಆರ್‌ಎಫ್510 ಗೇಟ್ (ಡ್ರೈವ್ ಕೊಡೋ ಕಾಲು) 180 ಪಿಕೋಫ್ಯಾರಡ್ ಅಂತ ಎಲ್ಲರೂ ಅದನ್ನೇ ದೂರ್ತಾರೆ. ಮೊದಲು ಸೋರ್ಸ್ ಕಾಲು (ಗ್ರೌಂಡ್‌ಗೆ ಹೋಗೋದು) ನೋಡಿ. ತಂತಿ ಒಂದು ಮಿಲಿಮೀಟರ್‌ಗೆ ಸುಮಾರು 1 ನ್ಯಾನೋಹೆನ್ರಿ. ಕಾಲು, ಟ್ರ್ಯಾಕ್ ಸೇರಿ 15 ಮಿಲಿಮೀಟರ್ ಇದ್ರೆ 14 ಮೆಗಾಹರ್ಟ್ಸ್‌ನಲ್ಲಿ 1.3 ಓಮ್. ನಿಮ್ಮ ಈಗಿನ ಲೋಡ್‌ನಲ್ಲಿ 10 ವ್ಯಾಟ್ ಬರಬೇಕಾದ್ರೆ ಡ್ರೇನ್ ಕರೆಂಟ್ 2.5 ಆಂಪಿಯರ್ ಪೀಕ್, ಅಂದ್ರೆ ಸೋರ್ಸ್ ಕಾಲಲ್ಲೇ 3 ವೋಲ್ಟ್‌ಗೂ ಹೆಚ್ಚು ಬೀಳುತ್ತೆ. ಅಷ್ಟೂ ಗೇಟ್ ಡ್ರೈವ್‌ನಿಂದ ಕಳೆದ ಹಾಗೆ. 3.5ರಲ್ಲಿ ಅದರ ಕಾಲು ಭಾಗ ಮಾತ್ರ, ಅದಕ್ಕೇ ಅಲ್ಲಿ ಪವರ್ ಚೆನ್ನಾಗಿರುತ್ತೆ. ಹೊಸ ಟ್ರಾನ್ಸ್‌ಫಾರ್ಮರ್‌ನಲ್ಲಿ ಪೀಕ್ ಕರೆಂಟ್ 1.9ಕ್ಕೆ ಇಳಿಯೋದ್ರಿಂದ ಇದಕ್ಕೂ ಅನುಕೂಲ. ಸೋರ್ಸ್ ಕಾಲನ್ನು ಬುಡದಲ್ಲೇ ಗ್ರೌಂಡ್ ಪ್ಲೇನ್‌ಗೆ ಬೆಸುಗೆ ಹಾಕಿ. ಗೇಟ್‌ಗೆ ಅಂಟಿಸಿದಂತೆ 4.7 ಓಮ್ ಸರಣಿಯಲ್ಲಿ, ಡ್ರೇನ್‌ನಿಂದ ಗೇಟ್‌ಗೆ 220 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಫೀಡ್‌ಬ್ಯಾಕ್. ಫೀಡ್‌ಬ್ಯಾಕ್ ಕೆಳಗಿನ ಬ್ಯಾಂಡ್‌ಗಳ ಗೇನ್ ತಗ್ಗಿಸಿ ಮೂರನ್ನೂ ಹತ್ತಿರ ತರುತ್ತೆ.

ಮೋರ್ಸ್‌ಕೀಲಿ:
ಕ್ಲಾಸ್-ಇ ಮಾಡಿದ್ರೆ ಶೇ 80 ದಾಟಬಹುದಲ್ಲ? ಮೂರು ಬಿಎಸ್170 ಟ್ರಾನ್ಸಿಸ್ಟರ್ ಪ್ಯಾರಲಲ್ ಹಾಕಿ ಹಲವರು ಮಾಡ್ತಾರೆ, ಹೀಟ್‌ಸಿಂಕೇ ಬೇಡ.

ಗುಡ್ಡದಾಚೆ:
ಸಿಡಬ್ಲ್ಯೂಗೆ (ಮೋರ್ಸ್ ಸಂಕೇತ) ನಿಮ್ಮ ಮಾತು ಪೂರ್ತಿ ಸರಿ. ಆದರೆ ಕ್ಲಾಸ್-ಇಯಲ್ಲಿ ಟ್ರಾನ್ಸಿಸ್ಟರ್ ಬರೀ ಸ್ವಿಚ್. ಡ್ರೈವ್ ಏರಿಳಿದ್ರೂ ಔಟ್‌ಪುಟ್ ಅದಕ್ಕೆ ತಕ್ಕಂತೆ ಏರಿಳಿಯಲ್ಲ, ಎಸ್‌ಎಸ್‌ಬಿ ಹಾಳಾಗುತ್ತೆ. ಮೇಲಾಗಿ ಡ್ರೇನ್ ನೆಟ್‌ವರ್ಕ್ ಪ್ರತಿ ಬ್ಯಾಂಡ್‌ಗೂ ಬೇರೆ ಟ್ಯೂನ್ ಮಾಡಬೇಕು. ಮೂರು ಬ್ಯಾಂಡ್ ಅಂದಾಗ ಉಳಿಸಿದ ಜಾಗವೆಲ್ಲ ಅದಕ್ಕೇ ಹೋಗುತ್ತೆ.

ಟೊರಾಯ್ಡ್_ಶಿವಮೊಗ್ಗ:
ಫಿಲ್ಟರ್ ಬಗ್ಗೆ ಯಾರೂ ಹೇಳಿಲ್ಲವಲ್ಲ ಮಾರಾಯ್ರೇ. ಜಾಗ ಉಳಿಸೋಕೆ 7ಕ್ಕೂ 14ಕ್ಕೂ ಒಂದೇ ಲೋ-ಪಾಸ್ ಫಿಲ್ಟರ್ (ಮೇಲಿನ ಆವರ್ತನ ತಡೆಯೋದು) ಹಾಕ್ಬೇಡಿ. 7ರ ಎರಡನೇ ಹಾರ್ಮೋನಿಕ್ (ಎರಡು ಪಟ್ಟು ಆವರ್ತನದ ಬೇಡದ ಅಲೆ) 14, ಆ ಫಿಲ್ಟರ್ ಅದನ್ನು ಸಲೀಸಾಗಿ ಬಿಟ್ಟುಬಿಡುತ್ತೆ. 10 ವ್ಯಾಟ್‌ಗೆ ಹಾರ್ಮೋನಿಕ್ 50 ಡಿಬಿ ಕೆಳಗಿರಬೇಕು.

ನಾಲ್ಕು ಕೆಪಾಸಿಟರ್, ಮೂರು ಕಾಯಿಲ್‌ನ ಏಳು ಭಾಗದ ಫಿಲ್ಟರ್‌ಗೆ ಬಳಕೆಯಲ್ಲಿರೋ ಬೆಲೆಗಳು ಇವು. 3.5ಕ್ಕೆ 470, 1200, 1200, 470 ಪಿಕೋಫ್ಯಾರಡ್; ಟಿ37-2 ಟೊರಾಯ್ಡ್ (ಬಳೆಯಾಕಾರದ ಕೋರ್) ಮೇಲೆ 25, 27, 25 ಸುತ್ತು. 7ಕ್ಕೆ 270, 680, 680, 270. ಟಿ37-6 ಮೇಲೆ 21, 24, 21. 14ಕ್ಕೆ 180, 390, 390, 180. ಟಿ37-6 ಮೇಲೆ 16, 17, 16. ಕೆಪಾಸಿಟರ್ ಸಿ0ಜಿ ಜಾತಿಯದ್ದು, 100 ವೋಲ್ಟ್‌ಗೆ ಕಮ್ಮಿ ಬೇಡ. ಎಕ್ಸ್7ಆರ್ ಹಾಕಿದ್ರೆ ಬಿಸಿಯಾಗಿ ಬೆಲೆ ಜಾರುತ್ತೆ, ಪವರ್ ಅಲ್ಲೇ ಸುಡುತ್ತೆ.

ಫಿಲ್ಟರ್‌ನ ಒಳಬಾಗಿಲು, ಹೊರಬಾಗಿಲು ಎರಡನ್ನೂ ಒಂದೇ ರಿಲೇಯ ಎರಡು ಪೋಲ್‌ಗೆ ಕೊಡ್ಬೇಡಿ. ರಿಲೇ ಒಳಗಿನ ಸೋರಿಕೆಯಲ್ಲೇ ಹಾರ್ಮೋನಿಕ್ ಫಿಲ್ಟರ್ ತಪ್ಪಿಸಿ ಆಂಟೆನಾ ಸೇರುತ್ತೆ. ಎರಡು ಕಡೆಗೆ ಎರಡು ರಿಲೇ, ಬೋರ್ಡಿನ ಎರಡು ತುದಿಯಲ್ಲಿ. ಲ್ಯಾಚಿಂಗ್ ರಿಲೇ ಸಿಕ್ಕರೆ ಬ್ಯಾಂಡ್ ಬದಲಿಸೋವಾಗ ಒಂದು ಪಲ್ಸ್ ಸಾಕು, ಕಾಯಿಲ್ ಬ್ಯಾಟರಿ ಕುಡಿಯಲ್ಲ.

ತುಂಗಾತೀರ:
ತುಂಬಾ ಉಪಕಾರ. ಸೋರ್ಸ್ ಕಾಲು ಹೆಚ್ಚುಕಮ್ಮಿ ಅಷ್ಟೇ ಉದ್ದ ಇದೆ, ಇವತ್ತೇ ಬಿಚ್ಚುತ್ತೇನೆ. ಬಯಾಸ್ (ಸಿಗ್ನಲ್ ಇಲ್ಲದಾಗಲೂ ಹರಿಯೋ ಕರೆಂಟ್) ಎಷ್ಟಿಡಲಿ? ಆಗುಂಬೆ ಕಡೆಯ ಥಂಡಿಗೆ (ಗಾಳಿಯ ತೇವ) ಏನು ಮಾಡಬೇಕು? ಐಆರ್‌ಎಫ್510 ಬದಲು ಆರ್‌ಡಿ16ಎಚ್‌ಎಚ್‌ಎಫ್1 ಟ್ರಾನ್ಸಿಸ್ಟರ್ ಒಳ್ಳೇದಾ?

ಟೊರಾಯ್ಡ್_ಶಿವಮೊಗ್ಗ:
ಗೇಟ್ ಥ್ರೆಶೋಲ್ಡ್ (ಕರೆಂಟ್ ಹರಿಯೋಕೆ ಶುರುವಾಗೋ ವೋಲ್ಟೇಜ್) ಒಂದರಿಂದೊಂದಕ್ಕೆ 2ರಿಂದ 4 ವೋಲ್ಟ್‌ವರೆಗೆ ಬದಲಾಗುತ್ತೆ, ಹಾಗಾಗಿ ಎರಡಕ್ಕೂ ಬೇರೆ ಬೇರೆ ಟ್ರಿಮ್ಮರ್. ಸೊನ್ನೆಯಿಂದ ಶುರು ಮಾಡಿ ಒಂದೊಂದಕ್ಕೆ 40 ಮಿಲಿಆಂಪಿಯರ್. ಬಿಸಿಯಾದಂತೆ ಥ್ರೆಶೋಲ್ಡ್ ಇಳಿದು ಕರೆಂಟ್ ಏರುತ್ತೆ. ಬಯಾಸ್ ದಾರಿಯಲ್ಲಿ ಎರಡು 1ಎನ್4148 ಡಯೋಡ್ ಸರಣಿಯಾಗಿ ಹಾಕಿ ಹೀಟ್‌ಸಿಂಕ್‌ಗೆ ತಾಗಿಸಿ.

ಆರ್‌ಡಿ16 ಈ ಕೆಲಸಕ್ಕೇ ಮಾಡಿದ್ದು, ಟ್ಯಾಬ್ (ಹಿಂಬದಿಯ ಲೋಹದ ಪಟ್ಟಿ) ಸೋರ್ಸ್ ಆದ್ದರಿಂದ ಹೀಟ್‌ಸಿಂಕ್ ನಡುವೆ ವಿದ್ಯುತ್ ತಡೆಯೋ ಮೈಕಾ ಹಾಳೆ ಬೇಡ. ಆದರೆ ಕಾಲುಗಳ ಕ್ರಮ ಗೇಟ್-ಸೋರ್ಸ್-ಡ್ರೇನ್, ಐಆರ್‌ಎಫ್510ರದ್ದು ಗೇಟ್-ಡ್ರೇನ್-ಸೋರ್ಸ್. ಹಾಗೇ ಚುಚ್ಚಿದ್ರೆ ಸುಟ್ಟಿತು. ಆರ್‌ಡಿ16 ತಡೆಯೋದು 50 ವೋಲ್ಟ್, ಐಆರ್‌ಎಫ್510 100 ವೋಲ್ಟ್. ನೆನೆದ ಮರಗಳ ನಡುವೆ ಡೈಪೋಲ್ ಕಟ್ಟಿದಾಗ ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರುತ್ತೆ ಅನ್ನೋ ಅಳತೆ) ಗಂಟೆಗಂಟೆಗೂ ಬದಲಾಗುತ್ತೆ, ಅಲ್ಲಿ ನನ್ನ ಮತ ಐಆರ್‌ಎಫ್510ಕ್ಕೇ.

ಥಂಡಿಗೆ: ಹೀಟ್‌ಸಿಂಕೇ ಪೆಟ್ಟಿಗೆಯ ಹೊರಗೋಡೆ ಆಗಲಿ, ಟ್ರಾನ್ಸಿಸ್ಟರ್ ಒಳಗಡೆ. ಐಆರ್‌ಎಫ್510 ಟ್ಯಾಬ್ ಮೇಲೆ ಸದಾ 13.5 ವೋಲ್ಟ್ ಇರುತ್ತೆ, ನೀರಿನ ಪಸೆ ತಾಗಿದ್ರೆ ಲೋಹ ಕೊರೆಯುತ್ತೆ. ಬೋರ್ಡ್‌ನ ಫ್ಲಕ್ಸ್ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು, ಪೂರ್ತಿ ಒಣಗಿಸಿ, ಅಕ್ರಿಲಿಕ್ ಸ್ಪ್ರೇ ಹೊಡೀರಿ. ಟ್ರಿಮ್ಮರ್, ರಿಲೇ, ಕನೆಕ್ಟರ್ ಮೇಲೆ ಮೊದಲೇ ಟೇಪ್. ಟ್ರಿಮ್ಮರ್ ಮುಚ್ಚಿದ ಸರ್ಮೆಟ್ ಜಾತಿಯದ್ದೇ ಇರಲಿ, ತೆರೆದ ಕಾರ್ಬನ್‌ದು ಥಂಡಿಗೆ ಬಯಾಸ್ ಜಾರಿಸುತ್ತೆ.