ಸಿಲೋನ್ ಚಕ್ಕೆ ಅಂತ ಬರೆಯಲಾ, ಶ್ರೀಲಂಕಾ ಚಕ್ಕೆ ಅಂತಲಾ?

ಚಿಂತಾಮಣಿ ದಿನಸಿ:

ಚಿಂತಾಮಣಿಯಲ್ಲಿ ನನ್ನದು ದಿನಸಿ ಅಂಗಡಿ. ಅಪ್ಪನ ಕಾಲದ್ದು. ಗಾಜಿನ ಡಬ್ಬಗಳ ಮೇಲೆ ಅವರು ಬರೆದಿದ್ದ ಚೀಟಿಗಳು ಹಳದಿಯಾಗಿ ಉದುರುತ್ತಿವೆ. ಈ ಭಾನುವಾರ ಎಲ್ಲವನ್ನೂ ಹೊಸದಾಗಿ ಬರೆಸಲು ಮಗಳನ್ನು ಕೂರಿಸಿಕೊಂಡೆ. ಎಂಟನೇ ಕ್ಲಾಸು, ಅಕ್ಷರ ದುಂಡಗಿದೆ. 'ಸಿಲೋನ್ ಚಕ್ಕೆ' ಬಂದಾಗ ಪೆನ್ನು ನಿಲ್ಲಿಸಿದಳು. "ಅಪ್ಪಾ, ಸಿಲೋನ್ ಎಲ್ಲಿದೆ? ಅಟ್ಲಾಸಲ್ಲಿ ಇಲ್ವಲ್ಲ?" ಶ್ರೀಲಂಕಾದ ಹಳೇ ಹೆಸರು ಕಣಮ್ಮ ಅಂದೆ. "ಹಾಗಂದ್ರೆ ಏನರ್ಥ? ಯಾಕೆ ಬದಲಾಯಿಸಿದ್ರು?" ನನಗೆ ಹೇಳೋಕೆ ಬರಲಿಲ್ಲ.

ಗಿರಾಕಿಗಳು ಕೇಳೋದು ಸಿಲೋನ್ ಚಕ್ಕೆ ಅಂತಲೇ. ಆದರೆ ಒಂದು ದೇಶ ತಾನೇ ಬಿಟ್ಟ ಹೆಸರನ್ನು ನಾನು ಡಬ್ಬದ ಮೇಲೆ ಇಟ್ಟುಕೊಳ್ಳೋದು ಸರೀನಾ? ಅಲ್ಲಿನವರು ನೋಡಿದರೆ ಬೇಜಾರು ಮಾಡ್ಕೊಳ್ತಾರಾ? ಗೊತ್ತಿರುವವರು ಹೇಳಿ. ಆ ಒಂದು ಚೀಟಿ ಖಾಲಿ ಬಿಟ್ಟಿದ್ದೇವೆ.

ಸಂತೆ ಚೀಲ:

ಸಿಲೋನ್ ಅಂತಲೇ ಬರೀರಿ ಅಣ್ಣ. ಅವರೇ ಇವತ್ತಿಗೂ ತಮ್ಮ ಟೀಯನ್ನು 'ಸಿಲೋನ್ ಟೀ' ಅಂತ ಜಗತ್ತಿಗೆಲ್ಲ ಮಾರುತ್ತಾರೆ. ಬ್ಯಾಂಕ್ ಆಫ್ ಸಿಲೋನ್ ಹೆಸರೂ ಹಾಗೇ ಇದೆ.

ತುಮಕೂರು ಮೇಷ್ಟ್ರು:

ಮಗಳು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಮೂವತ್ತು ವರ್ಷ ಸಮಾಜ ಪಾಠ ಮಾಡಿದವನು ನಾನು, ನನ್ನನ್ನು ಇದನ್ನು ಕೇಳಿದ ಮಕ್ಕಳು ಕಡಿಮೆ.

ಪಾಳಿ ಭಾಷೆಯಲ್ಲಿ ಆ ದ್ವೀಪ ಸೀಹಳ. ನಾವು ಕನ್ನಡದಲ್ಲಿ ಸಿಂಹಳ ಅಂತೀವಲ್ಲ, ಅದೇ. ಅರಬ್ಬೀ ವ್ಯಾಪಾರಿಗಳ ಬಾಯಲ್ಲಿ 'ಸಿಂಹಳ ದ್ವೀಪ' ಹೋಗಿ ಸರಂದೀಬ್ ಆಯಿತು. 1505ರಲ್ಲಿ ಬಂದ ಪೋರ್ಚುಗೀಸರು ಸೈಲಾಂವ್ ಅಂದರು. ಅವರ ನಂತರ ಡಚ್ಚರು ಜೈಲಾನ್ ಅಂದರು. ಇಂಗ್ಲಿಷರ ಕಾಲಕ್ಕೆ ಸಿಲೋನ್. ಪೋರ್ಚುಗೀಸರು, ಡಚ್ಚರು ಕಿತ್ತಾಡಿದ್ದೇ ನಿಮ್ಮ ಡಬ್ಬದಲ್ಲಿರುವ ಆ ಚಕ್ಕೆಗಾಗಿ. ಇದನ್ನು ಮಗಳಿಗೆ ತಪ್ಪದೆ ಹೇಳಿ.

1948ರ ಫೆಬ್ರವರಿ 4ರಂದು ಸ್ವಾತಂತ್ರ್ಯ ಬಂದಾಗಲೂ ಹೆಸರು ಸಿಲೋನ್ ಆಗಿಯೇ ಉಳಿಯಿತು, ಬ್ರಿಟನ್ನಿನ ರಾಜಮನೆತನವೂ ಮೇಲೆ ಇತ್ತು. 1972ರ ಮೇ 22ರಂದು ಗಣರಾಜ್ಯವಾದರು. ಆ ದಿನವೇ ಶ್ರೀಲಂಕಾ ಅಂತ ಹೆಸರಾಯಿತು.

ಬಳಸುವುದು ಹೇಗೆ ಅಂದರೆ, ಕಾಲ ನೋಡಿಕೊಳ್ಳಿ. 1960ರಲ್ಲಿ ಸಿರಿಮಾವೊ ಬಂಡಾರನಾಯಕೆ ಸಿಲೋನಿನ ಪ್ರಧಾನಿಯಾದರು, ಪ್ರಪಂಚಕ್ಕೇ ಮೊದಲ ಮಹಿಳಾ ಪ್ರಧಾನಿ. 1996ರಲ್ಲಿ ವಿಶ್ವಕಪ್ ಗೆದ್ದದ್ದು ಶ್ರೀಲಂಕಾ. ಇವೆರಡನ್ನು ಅದಲುಬದಲು ಮಾಡಬಾರದು. ಟೀ, ಚಕ್ಕೆ ಮಾತ್ರ ಬೇರೆ. ಅಲ್ಲಿ ಸಿಲೋನ್ ಅನ್ನುವುದು ಸರಕಿನ ಹೆಸರು.

ರಾಬರ್ಟ್‌ಸನ್‌ಪೇಟೆ:

ಮೇಷ್ಟ್ರೇ, ಒಂದು ಮಾತು ಸೇರಿಸ್ತೀನಿ. ನಾನು ಕೆಜಿಎಫ್‌ನವಳು, ಮನೆ ಮಾತು ತಮಿಳು. 1972ರಲ್ಲಿ ಬದಲಾದದ್ದು ಇಂಗ್ಲಿಷ್ ಹೆಸರು. ತಮಿಳಿನಲ್ಲಿ ಅದು ಆಗಲೂ ಇಲಂಗೈ, ಈಗಲೂ ಇಲಂಗೈ. ಸಿಂಹಳ ಮಾತಾಡುವವರಿಗೆ ಲಂಕಾವ. ಅಲ್ಲಿನ ಜನ ಮನೆಯಲ್ಲಿ ಕರೆಯುತ್ತಿದ್ದ ಹೆಸರು ಇಂಗ್ಲಿಷಿಗೂ ಬಂತು ಅಷ್ಟೇ.

ಆದರೆ ನನ್ನ ದೊಡ್ಡಮ್ಮ ಕೊನೆವರೆಗೂ ಸಿಲೋನ್ ಅಂತಲೇ ಅಂದರು. ಹುಟ್ಟಿದ್ದು ಅಲ್ಲಿನ ಟೀ ತೋಟದ ಲೈನ್ ಮನೆಯಲ್ಲಿ. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಸಿರಿಮಾವೊ ಒಪ್ಪಂದ ಮಾಡಿಕೊಂಡರಲ್ಲ, ಅಲ್ಲಿದ್ದ ಭಾರತ ಮೂಲದ 5,25,000 ಜನರನ್ನು ಭಾರತ ಕರೆಸಿಕೊಳ್ಳಬೇಕು ಅಂತ, ಆ ಲೆಕ್ಕದಲ್ಲಿ ಬಂದವರು. ಎಷ್ಟೋ ಸಂಸಾರಗಳನ್ನು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಕಳಿಸಿದರು. ಇಲ್ಲಿ ಎಲ್ಲರೂ ದೊಡ್ಡಮ್ಮನನ್ನು 'ಸಿಲೋನ್‌ನವಳು' ಅಂತಲೇ ಕರೀತಿದ್ದರು. ಅಲ್ಲಿದ್ದಾಗ ಅವರನ್ನು ಇಂಡಿಯಾದವರು ಅಂತಿದ್ದರಂತೆ. ಹಾಗಾಗಿ ಡಬ್ಬದ ಮೇಲೆ ಬರೀರಿ, ಅಡ್ಡಿಯಿಲ್ಲ. ಮನುಷ್ಯರಿಗೆ ಮಾತ್ರ ಆ ಹೆಸರು ಅಂಟಿಸಬೇಡಿ. ಅದು ನೋವು ಕೊಡುತ್ತೆ, ನಾನು ನೋಡಿದ್ದೀನಿ.

ಮಾಲೂರು ಅಡುಗೆ:

ಹೆಸರು ಯಾವುದಾದರೂ ಇರಲಿ, ಒಳಗಿರೋದು ನಿಜವಾಗಿ ಅಲ್ಲಿಯದೇ ತಾನೇ? ಒಂದು ತುಂಡು ತೆಗೆದು ತುದಿ ನೋಡಿ. ಸಿಲೋನಿನದಾದರೆ ಕಾಗದದಷ್ಟು ತೆಳು ಪದರಗಳು ಬೀಡಿ ಸುತ್ತಿದ ಹಾಗೆ ಒಂದರೊಳಗೊಂದು ಇರುತ್ತವೆ. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತೆ, ಬಣ್ಣ ತಿಳಿ. ಒಂದೇ ದಪ್ಪ ಪದರ, ಗಟ್ಟಿ, ಕಡು ಕಂದು ಆದರೆ ಅದು ಕ್ಯಾಸಿಯಾ, ಅಂದರೆ ಬೇರೆ ಜಾತಿ ಮರದ ಚಕ್ಕೆ. ಬಿರಿಯಾನಿಗೆ ಅದೂ ಚೆನ್ನಾಗೇ ಆಗುತ್ತೆ, ಆದರೆ ಸಿಲೋನ್ ಅಂತ ಮಾರೋ ಹಾಗಿಲ್ಲ.

ಚಿಂತಾಮಣಿ ದಿನಸಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ನಿಮ್ಮ ದೊಡ್ಡಮ್ಮನ ವಿಷಯ ಮಗಳಿಗೆ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ನೆ ಕೂತಿದ್ದಳು.

ರಾತ್ರಿ ಶಟರ್ ಎಳೆದ ಮೇಲೆ ಡಬ್ಬ ಸುರಿದು ನೋಡಿದೆವು. ಮೇಲಿನ ಒಂದು ಹಿಡಿ ಬೀಡಿ ಹಾಗೆ ಸುತ್ತಿದ್ದು, ಕೆಳಗಿದ್ದದ್ದೆಲ್ಲ ದಪ್ಪ ಚಕ್ಕೆ. ಹೋಲ್‌ಸೇಲ್‌ನವರು ಸಿಲೋನ್ ರೇಟ್ ಹಾಕಿ ಕೊಟ್ಟಿದ್ದು ಇದನ್ನೇ. ನಾನೂ ನೋಡದೆ ಇಷ್ಟು ದಿನ ಜನಕ್ಕೆ ತೂಗಿ ಕೊಟ್ಟಿದ್ದೇನೆ, ಅದು ನನ್ನ ತಪ್ಪು. ಈಗ ಎರಡು ಡಬ್ಬ ಮಾಡಿದ್ದೇವೆ. ದೊಡ್ಡದಕ್ಕೆ ಬರೀ 'ಚಕ್ಕೆ'. ಚಿಕ್ಕದಕ್ಕೆ 'ಸಿಲೋನ್ ಚಕ್ಕೆ', ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಶ್ರೀಲಂಕಾದ್ದು' ಅಂತ ಮಗಳೇ ಸೇರಿಸಿದಳು.