ಹಾರ್ವರ್ಡಿನ ಗಾಜಿನ ಫಲಕಗಳ ಮುಂದೆ ಕೂತ ಹೆಂಗಸರು: ಗುಮಾಸ್ತರೋ, ವಿಜ್ಞಾನಿಗಳೋ?

ರೋಹಿಣಿ
ಪಠ್ಯಪುಸ್ತಕ ತೆರೆದರೆ ನಕ್ಷತ್ರಲೋಕಗಳ (ಗೆಲಾಕ್ಸಿಗಳ) ದೂರ ಅಳೆದವರು ಹಬಲ್ ಅಂತಷ್ಟೇ ಇರುತ್ತದೆ. ಅವರ ಕೈಯಲ್ಲಿದ್ದ ಅಳತೆಗೋಲು ಯಾರದ್ದು? ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ, ಆಕಾಶದ ಫೋಟೋ ಮೂಡಿದ ಗಾಜಿನ ಫಲಕಗಳನ್ನು ಪರೀಕ್ಷಿಸುವ ಕೆಲಸ ಮಾಡುತ್ತಿದ್ದ ಹೆನ್ರಿಯೆಟಾ ಸ್ವಾನ್ ಲೀವಿಟ್ ಅವರದ್ದು. 1908ರಲ್ಲಿ ಅವರು ಎರಡು ಮೆಗಲನ್ ಮೋಡಗಳಲ್ಲಿ (ನಮ್ಮ ಆಕಾಶಗಂಗೆಯ ಬಳಿಯ ಎರಡು ಚಿಕ್ಕ ನಕ್ಷತ್ರಲೋಕಗಳಲ್ಲಿ) ಬೆಳಕು ಏರಿಳಿಯುವ 1777 ನಕ್ಷತ್ರಗಳ ಪಟ್ಟಿ ಪ್ರಕಟಿಸಿದರು. 1912ರಲ್ಲಿ ಕಿರಿಯ ಮೋಡದ 25 ನಕ್ಷತ್ರಗಳನ್ನು ಹಿಡಿದು, ಏರಿಳಿತದ ಅವಧಿ ಉದ್ದವಾದಷ್ಟೂ ನಕ್ಷತ್ರ ಪ್ರಖರ ಎಂದು ಗೆರೆ ಎಳೆದು ತೋರಿಸಿದರು. ಅವರಿಗೆ ಕೊಟ್ಟಿದ್ದು ಗಂಟೆಗೆ 30 ಸೆಂಟ್. ಜೊತೆಯವರಿಗೆ 25. ಪ್ರಕಟಣೆಯ ಕೆಳಗಿನ ಸಹಿ ನಿರ್ದೇಶಕ ಎಡ್ವರ್ಡ್ ಪಿಕರಿಂಗ್ ಅವರದ್ದು. ಇದು ಜೀತವಲ್ಲದೆ ಇನ್ನೇನು?

ಲೆಕ್ಕಿಗ
"ಜೀತ" ಅನ್ನುವ ಮಾತನ್ನು ಸಿಕ್ಕಸಿಕ್ಕಲ್ಲಿ ಬಳಸಬೇಡಿ. ಜೀತ ಅಂದರೆ ಸಾಲಕ್ಕೆ ಒತ್ತೆ ಬಿದ್ದು, ಬಿಟ್ಟು ಹೋಗಲಾರದೆ, ಅಪ್ಪನಿಂದ ಮಗನಿಗೂ ಇಳಿದು ಬರುತ್ತಿದ್ದ ದುಡಿಮೆ. ನಮ್ಮ ದೇಶದಲ್ಲಿ ಅದನ್ನು ತೆಗೆದುಹಾಕಲು 1976ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಲೀವಿಟ್ 1896ರಲ್ಲಿ ಕೆಲಸ ಬಿಟ್ಟು ಯುರೋಪಿಗೆ ಹೋದರು, ಆಮೇಲೆ ವಿಸ್ಕಾನ್ಸಿನ್‌ನ ಬೆಲಾಯ್ಟ್ ಕಾಲೇಜಿನಲ್ಲಿ ಕಲಾ ವಿಭಾಗದ ಸಹಾಯಕಿಯಾಗಿದ್ದರು. 1902ರಲ್ಲಿ ಪಿಕರಿಂಗ್ ಪತ್ರ ಬರೆದು, ಎಲ್ಲರಿಗೂ 25 ಸೆಂಟ್, ನಿಮ್ಮ ಕೆಲಸದ ಗುಣ ನೋಡಿ 30 ಕೊಡುತ್ತೇನೆ ಎಂದರು. ಜೀತದಾಳಿಗೆ ಯಾರೂ ಹೀಗೆ ಪತ್ರ ಬರೆಯುವುದಿಲ್ಲ.

ರೋಹಿಣಿ
"ಕೆಲಸ ಬಿಟ್ಟು ಹೋದರು" ಎಂದಿರಿ. ಬಿಟ್ಟು ಹೋಗುವುದು ಎಲ್ಲಿಗೆ? ದೂರದರ್ಶಕವಿದ್ದ ಯಾವ ದೊಡ್ಡ ಸಂಸ್ಥೆ ಹೆಂಗಸಿಗೆ ಬಾಗಿಲು ತೆರೆದಿತ್ತು? ಲೆಕ್ಕ ನೀವೇ ಹಾಕಿ: ದಿನಕ್ಕೆ 7 ಗಂಟೆ, ವಾರಕ್ಕೆ 6 ದಿನ, ಗಂಟೆಗೆ 25 ಸೆಂಟ್. ವಾರಕ್ಕೆ ಹತ್ತೂವರೆ ಡಾಲರ್. ಆ ಹೆಂಗಸರ ಮೇಲ್ವಿಚಾರಣೆ ಮಾಡುತ್ತಿದ್ದ ವಿಲಿಯಮಿನಾ ಫ್ಲೆಮಿಂಗ್ 1900ರ ದಿನಚರಿಯಲ್ಲಿ ಬರೆದಿದ್ದಾರೆ: ತಮಗೆ ವರ್ಷಕ್ಕೆ 1500 ಡಾಲರ್, ಅಲ್ಲಿನ ಕೆಲವು ಗಂಡಸರಿಗೆ 2500. ಈ ಅಂತರ ಏಕೆ?

ನೇರಮಾತು
ಸಂಬಳದ ಗದ್ದಲದಲ್ಲಿ ಮೂಲ ಪ್ರಶ್ನೆ ಕಳೆದುಹೋಗುತ್ತಿದೆ. ಮಾಡಿದ ಕೆಲಸ ಏನು? ಫಲಕ ನೋಡು, ಚುಕ್ಕಿ ಎಣಿಸು, ವಹಿಯಲ್ಲಿ ಬರೆ. ಅವರ ಹುದ್ದೆಯ ಹೆಸರೇ ಕಂಪ್ಯೂಟರ್, ಅಂದರೆ ಲೆಕ್ಕ ಮಾಡುವವರು. ಗುಮಾಸ್ತಿಕೆಗೆ ಗುಮಾಸ್ತರ ಸಂಬಳ ಸಿಕ್ಕಿತು.

ಹಳೆಗಾಜು
"ಚುಕ್ಕಿ ಎಣಿಸು" ಎಂದವರಿಗೆ ಕೆಲಸದ ಕ್ರಮ ಹೇಳುತ್ತೇನೆ. ಪೆರುವಿನ ಅರೆಕಿಪಾದಲ್ಲಿ 24 ಅಂಗುಲದ ಬ್ರೂಸ್ ದೂರದರ್ಶಕದಿಂದ ತೆಗೆದ ಫಲಕಗಳು ಹಡಗಿನಲ್ಲಿ ಬರುತ್ತಿದ್ದವು, ಒಂದೊಂದೂ 14 ಅಂಗುಲಕ್ಕೆ 17 ಅಂಗುಲ. ಅವೆಲ್ಲ ನೆಗೆಟಿವ್: ಆಕಾಶ ತಿಳಿ, ನಕ್ಷತ್ರ ಕಪ್ಪು. ಒಂದು ರಾತ್ರಿಯ ಫಲಕದಿಂದ ಗಾಜಿನ ಮೇಲೆಯೇ ಪಾಸಿಟಿವ್ ಪ್ರತಿ ತೆಗೆದು, ಅದರ ಮೇಲೆ ಬೇರೊಂದು ರಾತ್ರಿಯ ನೆಗೆಟಿವ್ ಇಡಬೇಕು. ಬೆಳಕು ಬದಲಾಗದ ನಕ್ಷತ್ರದಲ್ಲಿ ಬಿಳಿ ಚುಕ್ಕಿಯನ್ನು ಕಪ್ಪು ಚುಕ್ಕಿ ಸರಿಯಾಗಿ ಮುಚ್ಚುತ್ತದೆ. ಆ ಎರಡನೇ ರಾತ್ರಿ ಪ್ರಖರವಾಗಿದ್ದರೆ ಕಪ್ಪು ಹೊರಗೆ ಚಾಚುತ್ತದೆ, ಮಂಕಾಗಿದ್ದರೆ ಸುತ್ತ ಬಿಳಿ ಉಂಗುರ ಉಳಿಯುತ್ತದೆ. ಆಮೇಲೆ ಕಾಂತಿಮಾನ, ಅಂದರೆ ನಕ್ಷತ್ರ ಎಷ್ಟು ಪ್ರಖರ ಎಂಬ ಅಂಕಿ, ಅಳೆಯಬೇಕು; ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಅದಕ್ಕೆ ಹಿಡಿಕೆಯಿರುವ ಪುಟ್ಟ ಗಾಜಿನ ಚೂರು. ಅದರಲ್ಲಿ ಗೊತ್ತಿರುವ ಕಾಂತಿಮಾನದ ಚುಕ್ಕಿಗಳು ಸಾಲಾಗಿ ಮೂಡಿರುತ್ತವೆ. ಫಲಕದ ನಕ್ಷತ್ರದ ಪಕ್ಕಕ್ಕೆ ಅದನ್ನು ತಂದು, ಭೂತಗನ್ನಡಿಯಲ್ಲಿ ಯಾವ ಚುಕ್ಕಿಗೆ ಹೋಲುತ್ತದೆಂದು ನೋಡಬೇಕು.

ಎಡವುವುದು ಇಲ್ಲಿ. ಚುಕ್ಕಿಯ ಗಾತ್ರ ನಕ್ಷತ್ರದ ಬೆಳಕನ್ನು ಮಾತ್ರ ಅವಲಂಬಿಸಿಲ್ಲ. ಫಲಕಕ್ಕೆ ಬಳಿದ ರಾಸಾಯನಿಕ ಲೇಪ, ಎಷ್ಟು ಹೊತ್ತು ಬೆಳಕಿಗೆ ಒಡ್ಡಿದರು, ಫಲಕದ ನಡುವೆಯೋ ಅಂಚಿನಲ್ಲೋ, ಎಲ್ಲವೂ ಗಾತ್ರವನ್ನು ಬದಲಿಸುತ್ತವೆ. ಅವಧಿ ಹುಡುಕುವಾಗ ಇನ್ನೊಂದು ಬಲೆ: ಫಲಕಗಳ ನಡುವಿನ ಬಿಡುವು ಒಂದೇ ಲಯದಲ್ಲಿದ್ದರೆ ನಿಜವಾದ ಅವಧಿಯ ಜಾಗದಲ್ಲಿ ಸುಳ್ಳು ಅವಧಿಯೊಂದು ಅಚ್ಚುಕಟ್ಟಾಗಿ ಕೂರುತ್ತದೆ. ಇದನ್ನು ಗುರುತಿಸಿ ತಳ್ಳಿಹಾಕುವುದು ಗುಮಾಸ್ತಿಕೆಯಲ್ಲ.

ನೇರಮಾತು
"ಗೊತ್ತಿರುವ ಕಾಂತಿಮಾನ" ಎಂದು ನೀವೇ ಬರೆದಿರಿ. ಗೊತ್ತಿದ್ದದ್ದನ್ನು ಹೋಲಿಸಿ ನೋಡುವುದು ಕಣ್ಣಿನ ಕೆಲಸ. ಕಣ್ಣು ಚುರುಕಾಗಿತ್ತು, ಒಪ್ಪೋಣ.

ಹಳೆಗಾಜು
ಆ ಕಾಂತಿಮಾನ ಗೊತ್ತಾದದ್ದು ಯಾರಿಂದ? ಆಕಾಶದ ಉತ್ತರ ಧ್ರುವದ ಸುತ್ತಲಿನ 96 ನಕ್ಷತ್ರಗಳ ಮಾಪನಸಾಲು ಕಟ್ಟಿದವರೇ ಲೀವಿಟ್. 13 ದೂರದರ್ಶಕಗಳಿಂದ ಬಂದ 299 ಫಲಕಗಳನ್ನು ಒಂದಕ್ಕೊಂದು ಹೊಂದಿಸಿ, 4ನೇ ಕಾಂತಿಮಾನದಿಂದ 21ನೆಯದರವರೆಗೆ. 5 ಮಾನಕ್ಕೆ ಬೆಳಕು 100 ಪಟ್ಟು ಬದಲಾಗುತ್ತದೆ; 17 ಮಾನ ಅಂದರೆ ಸುಮಾರು 60 ಲಕ್ಷ ಪಟ್ಟು. ಅಷ್ಟು ವ್ಯತ್ಯಾಸದ ಬೆಳಕನ್ನು ಒಂದೇ ತಕ್ಕಡಿಗೆ ತಂದವರ ಬಗ್ಗೆ ಕಣ್ಣು ಚುರುಕು ಎಂದು ಹೇಳಿ ಮುಗಿಸಬೇಡಿ.

ಕಡಲತಡಿ
ಸಂಬಳ ಕೊಟ್ಟ ಕೈ ಯಾರದ್ದು ಅಂತ ಯಾರೂ ಕೇಳಲೇ ಇಲ್ಲವಲ್ಲ ಮಾರಾಯ್ರೆ. ನಕ್ಷತ್ರಗಳ ರೋಹಿತ (ಬಣ್ಣಗಳಾಗಿ ಬಿಡಿಸಿದ ಬೆಳಕು) ವಿಂಗಡಿಸುವ ಇಡೀ ಯೋಜನೆಗೆ 1886ರಿಂದ ಹಣ ಕೊಟ್ಟದ್ದು ಆನಾ ಪಾಮರ್ ಡ್ರೇಪರ್, ತೀರಿಕೊಂಡ ಗಂಡ ಹೆನ್ರಿ ಡ್ರೇಪರ್ ಹೆಸರಲ್ಲಿ. ಹಳೆಗಾಜು ಹೇಳಿದ ಬ್ರೂಸ್ ದೂರದರ್ಶಕಕ್ಕೆ 50,000 ಡಾಲರ್ ಕೊಟ್ಟದ್ದು ಕ್ಯಾಥರಿನ್ ವುಲ್ಫ್ ಬ್ರೂಸ್. ದುಡ್ಡೂ ಹೆಂಗಸರದ್ದು, ದುಡಿಮೆಯೂ ಹೆಂಗಸರದ್ದು. ಆ ಎರಡು ಹೆಸರುಗಳನ್ನು ಬಿಟ್ಟು ಈ ಚರಿತ್ರೆ ಬರೆದರೆ ಅರ್ಧವೇ ಆಗುತ್ತದೆ.

ಲೆಕ್ಕಿಗ
"ದುಡ್ಡೂ ಹೆಂಗಸರದ್ದು." ಹಾಗಾದರೆ ಜೀತದ ಒಡತಿ ಆನಾ ಡ್ರೇಪರ್ ಆಗುತ್ತಾರೆಯೇ? ಪದ ತಪ್ಪು ಅನ್ನುವುದಕ್ಕೆ ಇದೇ ಸಾಕು.

ರೋಹಿಣಿ
ಹಣ ಕೊಟ್ಟವರಿಗೂ ದರ ಕಟ್ಟಿದವರಿಗೂ ವ್ಯತ್ಯಾಸ ಗೊತ್ತಿಲ್ಲದವರಂತೆ ಮಾತಾಡಬೇಡಿ! ದರ ಕಟ್ಟಿದ್ದು ನಿರ್ದೇಶಕರು. ಕಡಿಮೆ ಹಣದಲ್ಲಿ ಹೆಚ್ಚು ಜನ ಸಿಗುತ್ತಾರೆಂದೇ ಹೆಂಗಸರನ್ನು ತೆಗೆದುಕೊಂಡರು. 1893ರ ಸುಮಾರಿಗೆ ಸೇರಿದಾಗ ಲೀವಿಟ್‌ಗೆ ಆ 25 ಸೆಂಟೂ ಇರಲಿಲ್ಲ, ಪುಕ್ಕಟೆ ದುಡಿದರು. ಪುಕ್ಕಟೆ ದುಡಿಮೆಗೆ ಕನ್ನಡದಲ್ಲಿ ಹೆಸರಿದೆ: ಬಿಟ್ಟಿ. ಜೀತ ಬೇಡವಾದರೆ ಬಿಟ್ಟಿಚಾಕರಿ ಅನ್ನೋಣ.

ಲೆಕ್ಕಿಗ
ಬಿಟ್ಟಿಯೂ ಅಲ್ಲ. ಬಿಟ್ಟಿಗೆ ಹಿಡಿಯುವವರು ಇರುತ್ತಾರೆ. ಗೌಡನೋ, ಪಾಳೆಗಾರನೋ ಕರೆದರೆ ಹೋಗದೆ ಗತಿಯಿಲ್ಲ. ಲೀವಿಟ್ ಸ್ವಂತ ಇಚ್ಛೆಯಿಂದ, ಕಲಿಯಲೆಂದು ಬಂದವರು. ಇನ್ನು "ಎಲ್ಲಿಗೆ" ಎಂದು ಕೇಳಿದ್ದಿರಿ. ವಾಸರ್ ಕಾಲೇಜಿನಲ್ಲಿ ಮರಿಯಾ ಮಿಚೆಲ್ 1865ರಿಂದಲೇ ಖಗೋಳಶಾಸ್ತ್ರದ ಪ್ರಾಧ್ಯಾಪಕಿ, ಅಲ್ಲಿ ಸ್ವಂತ ವೀಕ್ಷಣಾಲಯವೂ ಇತ್ತು. ವೆಲ್ಸ್ಲಿ ಕಾಲೇಜಿನಲ್ಲಿ ಸಾರಾ ವೈಟಿಂಗ್ ಭೌತಶಾಸ್ತ್ರ ಹೇಳಿಕೊಡುತ್ತಿದ್ದರು. ಹಾರ್ವರ್ಡಿನಲ್ಲಿ ಕೆಲಸ ಮಾಡಿದ ಆನಿ ಜಂಪ್ ಕ್ಯಾನನ್ ಈ ವೈಟಿಂಗ್‌ರ ಶಿಷ್ಯೆ. ಬಾಗಿಲುಗಳಿದ್ದವು.

ಮೂಡಲಸೀಮೆ
ಎರಡು ಬಾಗಿಲು ತೋರಿಸಿ "ಬಾಗಿಲುಗಳಿದ್ದವು" ಎಂದರೆ ಹೇಗೆ ಸಾರ್? ಆ ಕ್ಯಾನನ್‌ರ ಗತಿಯನ್ನೇ ನೋಡಿ. ತಿಂಗಳಿಗೆ 5000 ನಕ್ಷತ್ರಗಳ ವೇಗದಲ್ಲಿ ರೋಹಿತ ವಿಂಗಡಿಸಿದರು. ಅವರು ಭೂತಗನ್ನಡಿ ಹಿಡಿದು ವರ್ಗದ ಅಕ್ಷರ ಕೂಗುತ್ತಿದ್ದರು, ಪಕ್ಕದವರು ಬರೆದುಕೊಳ್ಳುತ್ತಿದ್ದರು. ಹೆನ್ರಿ ಡ್ರೇಪರ್ ಪಟ್ಟಿಯ 9 ಸಂಪುಟಗಳಲ್ಲಿ 2,25,300 ನಕ್ಷತ್ರಗಳಿವೆ. ಒ, ಬಿ, ಎ, ಎಫ್, ಜಿ, ಕೆ, ಎಂ ಎಂಬ ಅವರ ಸಾಲನ್ನೇ 1922ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಪ್ಪಿಕೊಂಡಿತು. ಆಕ್ಸ್‌ಫರ್ಡ್ 1925ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಹಾರ್ವರ್ಡ್ ವಿಧಿವತ್ತಾಗಿ ಹುದ್ದೆ ಕೊಟ್ಟದ್ದು 1938ರಲ್ಲಿ. ಆಗ ಅವರಿಗೆ 74 ವರ್ಷ.

ನೇರಮಾತು
"ಅಕ್ಷರ ಕೂಗುತ್ತಿದ್ದರು" ಎಂದಮೇಲೆ ನನ್ನ ಮಾತೇ ನಿಂತಿತು. ವಿಂಗಡಣೆ ಸಿದ್ಧಾಂತವಲ್ಲ.

ಹಳೆಗಾಜು
ವಿಂಗಡಣೆಯಲ್ಲಿ ಸಿದ್ಧಾಂತ ಹೇಗೆ ಅಡಗಿರುತ್ತದೆ ಎನ್ನುವುದಕ್ಕೆ ಅಲ್ಲೇ ಕೆಲಸ ಮಾಡುತ್ತಿದ್ದ ಆಂಟೋನಿಯಾ ಮೋರಿ ಸಾಕು. 1897ರಲ್ಲಿ 681 ನಕ್ಷತ್ರಗಳ ರೋಹಿತ ನೋಡಿ, ಕೆಲವುಗಳ ಗೆರೆಗಳು ಅಸಾಮಾನ್ಯವಾಗಿ ತೆಳು ಮತ್ತು ತೀಕ್ಷ್ಣ ಎಂದು ಗುರುತಿಸಿ ಅವುಗಳಿಗೆ "ಸಿ" ಎಂಬ ಗುರುತು ಕೊಟ್ಟರು. ಪಿಕರಿಂಗ್‌ಗೆ ಅದು ಬೇಡದ ತೊಡಕಾಗಿ ಕಂಡಿತು, ಮುಂದಿನ ಪಟ್ಟಿಗಳಲ್ಲಿ ಬಿಟ್ಟುಹೋಯಿತು. ಡೆನ್ಮಾರ್ಕಿನ ಖಗೋಳಶಾಸ್ತ್ರಜ್ಞ ಹರ್ಟ್ಸ್‌ಸ್ಪ್ರುಂಗ್ 1905ರಲ್ಲಿ ಅದೇ ಗುರುತಿನಿಂದ, ಒಂದೇ ಬಣ್ಣದ ನಕ್ಷತ್ರಗಳಲ್ಲಿ ದೈತ್ಯಗಳೂ ಕುಬ್ಜಗಳೂ ಬೇರೆ ಬೇರೆ ಎಂದು ಕಂಡುಕೊಂಡರು. ಅದನ್ನು ಬಿಟ್ಟದ್ದು ಪ್ರಾಣಿಶಾಸ್ತ್ರಜ್ಞ ತಿಮಿಂಗಿಲವನ್ನು ಮೀನಿನ ಜೊತೆ ಸೇರಿಸಿದಂತೆ ಎಂದು ಪಿಕರಿಂಗ್‌ಗೆ ಬರೆದರು. ನೀವು ಗುಮಾಸ್ತೆ ಅನ್ನುವ ಹೆಂಗಸಿಗೆ ಕಂಡದ್ದು ನಿರ್ದೇಶಕರಿಗೆ ಕಾಣಲಿಲ್ಲ.

ಲೆಕ್ಕಿಗ
ಮೋರಿಯವರ ಹೆಸರು ಆ 1897ರ ಸಂಪುಟದ ಶೀರ್ಷಿಕೆ ಪುಟದಲ್ಲೇ ಇದೆ. ಹಾಗೆಯೇ ರೋಹಿಣಿಯವರು ಮೊದಲಿಗೇ ಹೇಳಿದ "ಸಹಿ". 1912ರ ಪ್ರಕಟಣೆಯ ಮೊದಲ ವಾಕ್ಯದಲ್ಲೇ, ಈ ಹೇಳಿಕೆಯನ್ನು ಮಿಸ್ ಲೀವಿಟ್ ಸಿದ್ಧಪಡಿಸಿದ್ದಾರೆ ಎಂದಿದೆ. ಆ ಮಾಲೆಯ ಪ್ರಕಟಣೆಗಳಿಗೆ ಸಹಿ ಹಾಕುವುದು ನಿರ್ದೇಶಕರ ಪದ್ಧತಿ. ಕದ್ದವರು ಮೊದಲ ಸಾಲಿನಲ್ಲೇ ಒಡತಿಯ ಹೆಸರು ಬರೆಯುವುದಿಲ್ಲ.

ರೋಹಿಣಿ
ನಾನು ಕದ್ದರು ಎಂದು ಎಲ್ಲಿ ಬರೆದೆ? ತೋರಿಸಿ. ಸಹಿ ಅವರದ್ದು ಎಂದೆ, ಸಹಿ ಅವರದ್ದೇ. ಬರೆಯದ ಮಾತನ್ನು ನನ್ನ ಬಾಯಿಗೆ ತುರುಕಿ ಅದನ್ನು ಸೋಲಿಸುವುದು ಚರ್ಚೆಯಲ್ಲ!

ಕಡಲತಡಿ
ಇಬ್ಬರೂ ಸ್ವಲ್ಪ ತಣ್ಣಗಾಗಿ. ಹೆಸರು ಹಾಕಿದ್ದೂ ನಿಜ, ದರ ಕಡಿಮೆ ಇದ್ದದ್ದೂ ನಿಜ.

ನೇರಮಾತು
ಶುರುವಿನ "ಅಳತೆಗೋಲು" ವಿಷಯಕ್ಕೆ ಬರುತ್ತೇನೆ. ಲೀವಿಟ್ ಕೊಟ್ಟದ್ದು ಕೋಲು, ಅದರ ಮೇಲೆ ಅಂಗುಲದ ಗೆರೆ ಇರಲಿಲ್ಲ. ಮೋಡದ ನಕ್ಷತ್ರಗಳೆಲ್ಲ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರ, ಹಾಗಾಗಿ ಯಾವುದು ಯಾವುದಕ್ಕಿಂತ ಎಷ್ಟು ಪಟ್ಟು ಪ್ರಖರ ಎಂದಷ್ಟೇ ಗೊತ್ತಾಯಿತು. ನಿಜವಾದ ದೂರ ಹಾಕಿದ್ದು 1913ರಲ್ಲಿ ಹರ್ಟ್ಸ್‌ಸ್ಪ್ರುಂಗ್, ಹತ್ತಿರದ 13 ಸೆಫೀಡ್‌ಗಳ (ಇದೇ ಬಗೆಯಲ್ಲಿ ಬೆಳಕು ಏರಿಳಿಯುವ ನಕ್ಷತ್ರಗಳ) ಚಲನೆಯಿಂದ. ದೂರ ಅಳೆದ ಕೀರ್ತಿ ಅವರದ್ದು.

ಹಳೆಗಾಜು
ಹರ್ಟ್ಸ್‌ಸ್ಪ್ರುಂಗ್ ಹಾಕಿದ ಗೆರೆ ನೋಡಿದ್ದೀರಾ? ಅಚ್ಚಾದ ಪ್ರಬಂಧದಲ್ಲಿ ಕಿರಿಯ ಮೋಡದ ದೂರ 3000 ಜ್ಯೋತಿರ್ವರ್ಷ. ಅವರದೇ ಲೆಕ್ಕದಂತೆ 30,000 ಆಗಬೇಕಿದ್ದಲ್ಲಿ ಹತ್ತು ಪಟ್ಟು ತಪ್ಪು. ಸೆಫೀಡ್‌ಗಳಲ್ಲಿ ಎರಡು ಬಗೆ ಇವೆ ಎಂದು ಖಗೋಳಶಾಸ್ತ್ರಜ್ಞ ವಾಲ್ಟರ್ ಬಾಡೆ ತೋರಿಸಿದ ಮೇಲೆ, 1952ರಲ್ಲಿ ನಕ್ಷತ್ರಲೋಕಗಳ ದೂರವೆಲ್ಲ ಸುಮಾರು ಎರಡು ಪಟ್ಟಾಯಿತು. ಗೆರೆಗಳನ್ನು ಮತ್ತೆ ಮತ್ತೆ ಅಳಿಸಿ ಹಾಕಿದರು. ಕೋಲು ಮಾತ್ರ ಉಳಿಯಿತು. ಲೀವಿಟ್ ಪ್ರಕಾರ ಕಾಂತಿ ಒಂದು ಮಾನ ಏರಿದರೆ ಅವಧಿಯ ಲಾಗರಿದಂ 0.48 ಏರುತ್ತದೆ, ಅಂದರೆ ಅವಧಿ ಮೂರು ಪಟ್ಟು. 5 ದಿನದ ನಕ್ಷತ್ರಕ್ಕಿಂತ 15 ದಿನದ ನಕ್ಷತ್ರ ಎರಡೂವರೆ ಪಟ್ಟು ಪ್ರಖರ. ಒಂದೇ ಅವಧಿಯ ಎರಡು ನಕ್ಷತ್ರಗಳಲ್ಲಿ ಒಂದು 5 ಮಾನ ಮಂಕಾಗಿ ಕಂಡರೆ ಅದು ಹತ್ತು ಪಟ್ಟು ದೂರದಲ್ಲಿದೆ. 1923ರಲ್ಲಿ ಹಬಲ್ ಆಂಡ್ರೊಮಿಡಾ ನಕ್ಷತ್ರಲೋಕದಲ್ಲಿ ಹಿಡಿದದ್ದು 31 ದಿನದ ಒಂದು ಸೆಫೀಡ್. ಈ ನಿಯಮವಿಲ್ಲದೆ ಆ 31 ದಿನದಿಂದ ಏನೂ ತಿಳಿಯುತ್ತಿರಲಿಲ್ಲ.

ನೇರಮಾತು
"ಮತ್ತೆ ಮತ್ತೆ ಅಳಿಸಿ ಹಾಕಿದರು." ಅಳಿಸಿ ಹಾಕಿದವರೂ ದುಡಿದವರೇ ತಾನೆ.

ಮೂಡಲಸೀಮೆ
1925ರಲ್ಲಿ ಸ್ವೀಡನ್ನಿನ ಗಣಿತಜ್ಞ ಮಿಟಾಗ್ ಲೆಫ್ಲರ್ ನೊಬೆಲ್‌ಗೆ ಹೆಸರು ಸೂಚಿಸುವ ಆಲೋಚನೆಯಿಂದ ಲೀವಿಟ್‌ಗೆ ಪತ್ರ ಬರೆದರು. ಲೀವಿಟ್ ತೀರಿಕೊಂಡು ಮೂರು ವರ್ಷವಾಗಿದ್ದು ಲೆಫ್ಲರ್‌ಗೆ ಗೊತ್ತಿರಲಿಲ್ಲ. ಗುಮಾಸ್ತೆಗೆ ಯಾರೂ ಹಾಗೆ ಬರೆಯುವುದಿಲ್ಲ.

ಲೆಕ್ಕಿಗ
ಜೀತದಾಳಿಗೂ ಬರೆಯುವುದಿಲ್ಲ. ಆ ಪದವನ್ನು ರೋಹಿಣಿಯವರು ಇನ್ನೂ ಹಿಂತೆಗೆದುಕೊಂಡಿಲ್ಲ.

ರೋಹಿಣಿ
ಹಿಂತೆಗೆಯುವುದಿಲ್ಲ. 1500ಕ್ಕೂ 2500ಕ್ಕೂ ನಡುವಿನ ಸಾವಿರ ಡಾಲರ್ ಏಕೆ ಎಂದು ಕೇಳಿದೆ. ಇಷ್ಟು ಹೊತ್ತಾದರೂ ನೀವು ಅದಕ್ಕೆ ಉತ್ತರ ಕೊಟ್ಟಿಲ್ಲ.