ಒಡೆಸಾದಲ್ಲಿ ಒಂದು ವರ್ಷದ ವಾಸ: ಮನೆ, ಕಾಗದಪತ್ರ ಮತ್ತು ದಿನಬಳಕೆಯ ಬಗ್ಗೆ ತಿಳಿದವರು ಸಲಹೆ ನೀಡಬೇಕು

ಧಾನ್ಯಪರೀಕ್ಷಕ (ಪ್ರಶ್ನೆ)

ಮಾನ್ಯರೇ, ಹಡಗಿಗೆ ತುಂಬುವ ಧಾನ್ಯದ ತೂಕವನ್ನೂ ಗುಣಮಟ್ಟವನ್ನೂ ಪರಿಶೀಲಿಸುವ ಸಂಸ್ಥೆಯೊಂದು ಉಕ್ರೇನಿನ ಒಡೆಸಾದಲ್ಲಿ ನನಗೆ ಒಂದು ವರ್ಷದ ಕೆಲಸ ಕೊಟ್ಟಿದೆ. ಕೆಲಸ ಹೆಚ್ಚಾಗಿ ಚೋರ್ನೊಮೊರ್ಸ್ಕ್ ಮತ್ತು ಪಿವ್ದೆನ್ನಿ ಬಂದರುಗಳಲ್ಲಿ ಇರುತ್ತದೆ. ವಾಸ ಮಾತ್ರ ಒಡೆಸಾ ನಗರದಲ್ಲಿ. ಯುದ್ಧ ನಡೆಯುತ್ತಿರುವ ದೇಶ ಎಂಬುದು ತಿಳಿದೇ ಇದೆ, ಮನೆಯವರೊಂದಿಗೆ ಚರ್ಚಿಸಿ ಒಪ್ಪಿಗೆಯನ್ನೂ ಕೊಟ್ಟಿದ್ದೇನೆ. ಆದರೆ ಹುಡುಕಿದಷ್ಟೂ ಸಿಗುವುದು 2022ಕ್ಕಿಂತ ಹಿಂದೆ ಬರೆದ, ಅರ್ಕಾದಿಯಾದ ಕಡಲತೀರ ಮತ್ತು ರಾತ್ರಿ ಕ್ಲಬ್ಬುಗಳ ವರ್ಣನೆಗಳೇ. ವಿಮಾನ ಸಂಚಾರವಿಲ್ಲದ ನಗರವನ್ನು ತಲುಪುವುದು ಹೇಗೆ, ಮನೆಯನ್ನು ಯಾವ ಭಾಗದಲ್ಲಿ ಹಿಡಿಯಬೇಕು, ಯಾವ ಕಾಗದಪತ್ರಗಳನ್ನು ಯಾವ ಕ್ರಮದಲ್ಲಿ ಮಾಡಿಸಬೇಕು, ಮಾಂಸ ತಿನ್ನದವನಿಗೆ ಊಟ ದೊರೆಯುತ್ತದೆಯೇ ಎಂಬುದನ್ನು ಅಲ್ಲಿ ಇದ್ದವರು ಅಥವಾ ಈಗ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.

ತಾಯಿರೋವ ನಿವಾಸಿ

ವೈದ್ಯಕೀಯ ಓದಲು ಬಂದು ಇಲ್ಲಿಯೇ ನೆಲೆನಿಂತವನು ನಾನು. ನಿಮ್ಮ ಪ್ರಶ್ನೆಗಳಲ್ಲಿ ಮನೆಯದನ್ನಷ್ಟೇ ವಿಸ್ತಾರವಾಗಿ ಉತ್ತರಿಸುತ್ತೇನೆ, ಏಕೆಂದರೆ ಮನೆಯ ಆಯ್ಕೆ ಸರಿಯಾದರೆ ಇಲ್ಲಿನ ಉಳಿದ ತೊಂದರೆಗಳಲ್ಲಿ ಬಹುಪಾಲು ತಾವಾಗಿಯೇ ಹಗುರವಾಗುತ್ತವೆ.

ಮೊದಲು ವಿದ್ಯುತ್ತಿನಿಂದ ಲೆಕ್ಕ ಹಾಕಬೇಕು. 2022ರ ಶರತ್ಕಾಲದಿಂದ ವಿದ್ಯುತ್ ಜಾಲದ ಮೇಲೆ ದಾಳಿಗಳು ನಡೆಯುತ್ತಲೇ ಬಂದಿವೆ. ಕೊರತೆಯಿರುವಾಗ ನಗರದ ಮನೆಗಳನ್ನು ಗುಂಪುಗಳಾಗಿ ವಿಂಗಡಿಸಿ, ವೇಳಾಪಟ್ಟಿಯಂತೆ ಸರದಿಯಲ್ಲಿ ಕಡಿತ ಮಾಡುತ್ತಾರೆ. ದೊಡ್ಡ ದಾಳಿಯ ಮರುದಿನ ಆ ಪಟ್ಟಿಗೂ ಬೆಲೆಯಿರುವುದಿಲ್ಲ. ವಿದ್ಯುತ್ ಹೋದಾಗ ದೀಪ ಆರುವುದು ಸಣ್ಣ ಸಂಗತಿ. ಲಿಫ್ಟ್ ನಿಲ್ಲುತ್ತದೆ, ಮೇಲಿನ ಅಂತಸ್ತುಗಳಿಗೆ ನೀರು ಏರಿಸುವ ಪಂಪ್ ನಿಲ್ಲುತ್ತದೆ, ವಿದ್ಯುತ್ ಒಲೆಯಾದರೆ ಅಡುಗೆಯೂ ನಿಲ್ಲುತ್ತದೆ. ಅರ್ಕಾದಿಯಾದ ಹೊಸ ಗೋಪುರಗಳು ಚಿತ್ರದಲ್ಲಿ ಎಷ್ಟು ಸುಂದರವಾಗಿ ಕಂಡರೂ ಅವುಗಳಲ್ಲಿ ಇರುವುದು ಸಾಮಾನ್ಯವಾಗಿ ವಿದ್ಯುತ್ ಒಲೆ. ಸೋವಿಯತ್ ಕಾಲದ ಒಂಬತ್ತು ಅಂತಸ್ತಿನ ಕಟ್ಟಡಗಳು ನೋಡಲು ಮಂಕಾಗಿದ್ದರೂ ಹೆಚ್ಚಿನವುಗಳಲ್ಲಿ ಕೊಳವೆ ಗ್ಯಾಸಿನ ಒಲೆ ಇರುತ್ತದೆ. ಅದೇ ಕಾಲದ ಹದಿನಾರು ಅಂತಸ್ತಿನವುಗಳಲ್ಲಿ ಇರುವುದಿಲ್ಲ. ಆದ್ದರಿಂದ ಮಾಲೀಕರನ್ನು ಕೇಳಬೇಕಾದ ಮೊದಲ ಪ್ರಶ್ನೆ ಒಲೆ ಯಾವುದು ಎಂಬುದು, ಎರಡನೆಯದು ವಿದ್ಯುತ್ ಇಲ್ಲದಾಗ ನೀರು ಬರುತ್ತದೆಯೇ ಎಂಬುದು. ಬಾಡಿಗೆಯ ಮಾತು ಅನಂತರ ಬರಲಿ. ಇಲ್ಲಿ ನೆಲಮಟ್ಟದ ಅಂತಸ್ತನ್ನೇ ಒಂದನೆಯದೆಂದು ಎಣಿಸುತ್ತಾರೆ ಎಂಬುದನ್ನೂ ನೆನಪಿಡಿ. ಈ ಎಣಿಕೆಯಂತೆ ಎರಡರಿಂದ ನಾಲ್ಕನೆಯ ಅಂತಸ್ತಿನ ಮನೆಯನ್ನು ಹುಡುಕುವುದು ಒಳ್ಳೆಯದು.

ಒಳಗೆ ಹೋದಾಗ ಹೊರಗೋಡೆಗೂ ನಿಮಗೂ ನಡುವೆ ಇನ್ನೊಂದು ಗೋಡೆ ಇರುವ, ಕಿಟಕಿಯಿಲ್ಲದ ಜಾಗ ಇದೆಯೇ ಎಂದು ನೋಡಿ. ಇದನ್ನು ಇಲ್ಲಿ ಎರಡು ಗೋಡೆಗಳ ನಿಯಮ ಎನ್ನುತ್ತಾರೆ: ಮೊದಲ ಗೋಡೆ ಸ್ಫೋಟದ ಹೊಡೆತವನ್ನು ತಾಳಿದರೆ ಎರಡನೆಯದು ಗಾಜು ಮತ್ತು ಚೂರುಗಳನ್ನು ತಡೆಯುತ್ತದೆ. ಮಲಗಲು ಚಾಪೆ ಹಾಸುವಷ್ಟು ಅಗಲದ ನಡುಮನೆಯಿದ್ದರೆ ಸಾಕು. ಕೆಳಗೆ ನೆಲಮಾಳಿಗೆ ಇದೆಯೇ, ಅದರ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನು ನೆರೆಯವರಲ್ಲಿ ವಿಚಾರಿಸಿ. ಒಡೆಸಾದ ನೆಲದಡಿ ಕಲ್ಲು ತೆಗೆದು ಉಳಿದ ಸುರಂಗಗಳು ಸುಮಾರು 2,500 ಕಿಲೋಮೀಟರ್ ಇವೆ ಎಂದು ಹೇಳುತ್ತಾರೆ. ಆದರೆ ಅವು ದಾರಿ ತಪ್ಪಿಸುವ ಜಾಗಗಳು, ಅವನ್ನು ಆಶ್ರಯವೆಂದು ಭಾವಿಸಿ ಒಬ್ಬರೇ ಇಳಿಯಬೇಡಿ.

ಇನ್ನು ಬಡಾವಣೆ. ಬಂದರಿನ ಉತ್ತರಕ್ಕಿರುವ ಪೆರೆಸಿಪ್ ಬೇಡ. ಬಂದರು, ತೈಲ ಸಂಗ್ರಹಾಗಾರ, ಕಾರ್ಖಾನೆಗಳೆಲ್ಲ ಆ ಕಡೆಯೇ ಇವೆ. 2023ರ ಜನವರಿಯಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಳೆಯ ನಗರಭಾಗದಲ್ಲಿ ಓಡಾಡುವುದೇ ಒಂದು ಸುಖ. ಆದರೆ ಅಲ್ಲಿನ ಹಳೆಯ ಮನೆಗಳು ಕಪ್ಪೆಚಿಪ್ಪಿನ ಸುಣ್ಣಗಲ್ಲಿನಿಂದ ಕಟ್ಟಿದವು, ಅನೇಕವು ಯುದ್ಧಕ್ಕೆ ಮೊದಲೇ ಶಿಥಿಲವಾಗಿದ್ದವು, ಬಂದರು ಕೂಡ ಹತ್ತಿರ. ನನ್ನ ಅಭಿಪ್ರಾಯದಲ್ಲಿ ನಿಮಗೆ ತಾಯಿರೋವ ಅಥವಾ ಚೆರ್ಯೊಮುಶ್ಕಿ ಸೂಕ್ತ. ಅಲ್ಲಿಂದ ಚೋರ್ನೊಮೊರ್ಸ್ಕ್‌ಗೆ ಹೋಗುವುದು ಸುಲಭ. ಪಿವ್ದೆನ್ನಿ ಬಂದರು ಒಡೆಸಾದ ಇನ್ನೊಂದು ತುದಿಯಾಚೆ ಇರುವುದರಿಂದ ಆ ಬಂದರಿನ ದಿನಗಳಲ್ಲಿ ಇಡೀ ಊರನ್ನು ದಾಟಬೇಕಾಗುತ್ತದೆ. ಸಂಸ್ಥೆಯು ವಾಹನ ಕೊಡುತ್ತದೆಯೇ ಎಂದು ಈಗಲೇ ಕೇಳಿ.

ಮನೆಗಳನ್ನು ಓಎಲ್ಎಕ್ಸ್ ಮತ್ತು ದಿಮ್ ರಿಯಾ ಜಾಲತಾಣಗಳಲ್ಲಿ ನೋಡಬಹುದು. ದಲ್ಲಾಳಿಗಳು ಸಾಮಾನ್ಯವಾಗಿ ಅರ್ಧ ತಿಂಗಳ ಬಾಡಿಗೆಯನ್ನು ತಮ್ಮ ಪಾಲೆಂದು ಕೇಳುತ್ತಾರೆ, ಅದು ವಾಡಿಕೆ. ಮನೆ ತೋರಿಸದೆ, ಮಾಲೀಕರ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಕೊಡುತ್ತೇವೆಂದು ಹಣ ಕೇಳುವವರು ಮೋಸಗಾರರು. ನೀರು, ಗ್ಯಾಸ್, ಶಾಖ, ವಿದ್ಯುತ್ತಿನ ವೆಚ್ಚ ಬಾಡಿಗೆಯಲ್ಲಿ ಸೇರಿರುವುದಿಲ್ಲ, ಆದ್ದರಿಂದ ಬೀಗದ ಕೈ ಪಡೆಯುವ ದಿನವೇ ಮೀಟರುಗಳ ಚಿತ್ರ ತೆಗೆದಿಟ್ಟುಕೊಳ್ಳಿ.

ಕಡತದ ಕಟ್ಟು

ಕಾಗದಪತ್ರಗಳ ವಿಷಯದಲ್ಲಿ ಕ್ರಮ ತಪ್ಪಿದರೆ ಮತ್ತೆ ದೇಶದಿಂದ ಹೊರಗೆ ಹೋಗಿ ಬರಬೇಕಾಗುವ ಸಂಭವವಿದೆ. ಮೊದಲು ನಿಮ್ಮ ಉದ್ಯೋಗದಾತರು ಉಕ್ರೇನಿನ ರಾಜ್ಯ ಉದ್ಯೋಗ ಸೇವಾ ಇಲಾಖೆಯಿಂದ ಕೆಲಸದ ಪರವಾನಗಿ ಪಡೆಯಬೇಕು. ಅದರ ಆಧಾರದ ಮೇಲೆ ನೀವು ಉಕ್ರೇನ್ ರಾಯಭಾರ ಕಚೇರಿಯಲ್ಲಿ ದೀರ್ಘಾವಧಿಯ 'ಡಿ' ವೀಸಾಕ್ಕೆ ಅರ್ಜಿ ಹಾಕುತ್ತೀರಿ. ಆ ವೀಸಾ ನಿಮ್ಮನ್ನು ದೇಶದೊಳಗೆ ತರುತ್ತದೆ, ಅಷ್ಟೆ. ಅದರ ಅವಧಿ ಮುಗಿಯುವ ಮೊದಲೇ ವಲಸೆ ಇಲಾಖೆಯಲ್ಲಿ ತಾತ್ಕಾಲಿಕ ನಿವಾಸ ಚೀಟಿ, ಅಂದರೆ ಇಲ್ಲಿ ಎಲ್ಲರೂ ಹೇಳುವ 'ಪೊಸ್ವಿದ್ಕಾ', ಮಾಡಿಸಿಕೊಳ್ಳಬೇಕು. ಅನಂತರ ವಿಳಾಸದ ನೋಂದಣಿ. ಇದು 'ತ್ಸ್ನಾಪ್' ಎಂಬ ನಾಗರಿಕ ಸೇವಾ ಕೇಂದ್ರದಲ್ಲಿ ಆಗುತ್ತದೆ. ತೆರಿಗೆಯ ಭಯದಿಂದಲೋ ಬೇರೆ ಅನುಮಾನದಿಂದಲೋ ಅನೇಕ ಮಾಲೀಕರು ವಿದೇಶಿಯರನ್ನು ತಮ್ಮ ವಿಳಾಸದಲ್ಲಿ ನೋಂದಾಯಿಸಲು ಒಪ್ಪುವುದಿಲ್ಲ. ತಾಯಿರೋವ ನಿವಾಸಿಗಳು ಹೇಳಿದ ಪ್ರಶ್ನೆಗಳ ಜೊತೆಗೆ ಇದನ್ನೂ ಮುಂಗಡ ಕೊಡುವ ಮೊದಲೇ ಕೇಳಿ, ಒಪ್ಪಿಗೆಯನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಸಂಬಳಕ್ಕೂ ಬ್ಯಾಂಕ್ ಖಾತೆಗೂ ತೆರಿಗೆ ಸಂಖ್ಯೆ ಬೇಕು. ಅದಕ್ಕೆ ಪಾಸ್‌ಪೋರ್ಟಿನ ಉಕ್ರೇನಿಯನ್ ಅನುವಾದವನ್ನು ನೋಟರಿಯಿಂದ ದೃಢೀಕರಿಸಬೇಕಾಗುತ್ತದೆ. ಒಂದೆರಡು ಪ್ರತಿ ಹೆಚ್ಚಾಗಿಯೇ ಮಾಡಿಸಿ.

ರಸ್ತೆಯಲ್ಲಿ ಪೊಲೀಸರೂ ಸೇನಾ ನೇಮಕಾತಿ ಕಚೇರಿಯ ಸಿಬ್ಬಂದಿಯೂ ಗಂಡಸರನ್ನು ನಿಲ್ಲಿಸಿ ದಾಖಲೆ ಕೇಳುವುದು ಸಾಮಾನ್ಯ. ವಿದೇಶಿ ಪ್ರಜೆಗಳಿಗೆ ಕಡ್ಡಾಯ ಸೇನಾಭರ್ತಿ ಅನ್ವಯಿಸುವುದಿಲ್ಲ, ಆದರೆ ನೀವು ವಿದೇಶಿ ಎಂಬುದನ್ನು ಆ ಕ್ಷಣದಲ್ಲಿ ತೋರಿಸುವುದು ಕಾಗದವೇ ಹೊರತು ಮುಖವಲ್ಲ. ಮೂಲ ದಾಖಲೆಯನ್ನೇ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿ. ತಪಾಸಣಾ ಠಾಣೆ, ಸೇನಾ ವಾಹನ, ಬಂದರು, ದಾಳಿಯಾದ ಜಾಗ, ಆಕಾಶದಲ್ಲಿ ಡ್ರೋನ್ ಹೊಡೆಯುವ ದೃಶ್ಯ, ಇವುಗಳ ಚಿತ್ರ ತೆಗೆದು ಹಂಚಿದರೆ ಅಪರಾಧ ಸಂಹಿತೆಯ 114-2ನೆಯ ವಿಧಿಯಡಿ ಮೊಕದ್ದಮೆಯಾಗಬಹುದು. ಬಂದರಿನಲ್ಲಿ ಕೆಲಸ ಮಾಡುವವರು ಇದನ್ನು ಮರೆಯುವುದು ಸುಲಭ: ಸರಕಿನ ಚಿತ್ರವೆಂದು ನೀವು ಮನೆಗೆ ಕಳಿಸಿದ ಫೋಟೋದ ಹಿನ್ನೆಲೆಯಲ್ಲಿ ಹಡಗುಕಟ್ಟೆಯೇ ಇರುತ್ತದೆ.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2022ರ ಫೆಬ್ರುವರಿ 24ರಿಂದ ನಾಗರಿಕ ವಿಮಾನಗಳಿಗೆ ಆಕಾಶ ಮುಚ್ಚಿದೆ. ಹೆಚ್ಚಿನವರು ಮೊಲ್ಡೋವಾದ ಕಿಶಿನೌವರೆಗೆ ವಿಮಾನದಲ್ಲಿ ಬಂದು, ಪಾಲಾಂಕಾ ಗಡಿಠಾಣೆಯ ಮೂಲಕ ಬಸ್ಸಿನಲ್ಲಿ ಒಡೆಸಾ ಸೇರುತ್ತಾರೆ. ಮೊಲ್ಡೋವಾದ ವೀಸಾ ಪ್ರತ್ಯೇಕವಾಗಿ ಬೇಕೇ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಿ. ಮೊಲ್ಡೋವಾದಿಂದ ಬೇರ್ಪಟ್ಟು ರಷ್ಯಾದ ಬೆಂಬಲದಲ್ಲಿರುವ ಟ್ರಾನ್ಸ್‌ನಿಸ್ಟ್ರಿಯಾ ಪ್ರದೇಶದ ದಾರಿ ನಕಾಶೆಯಲ್ಲಿ ಹತ್ತಿರವೆಂದು ಕಂಡರೂ ಅದನ್ನು ಹಿಡಿಯಬೇಡಿ. ಮಧ್ಯರಾತ್ರಿಯಿಂದ ಬೆಳಗಿನ 5 ಗಂಟೆಯವರೆಗೆ ಕರ್ಫ್ಯೂ ಇರುವುದು ಇಲ್ಲಿನ ವಾಡಿಕೆಯಾಗಿರುವುದರಿಂದ ಹಗಲಿನಲ್ಲಿ ತಲುಪುವ ಬಸ್ಸನ್ನೇ ಆರಿಸಿ.

ದೂರದಿಂದ ನೋಡಿದವ

ಮೇಲಿನ ಇಬ್ಬರೂ ಹೋಗುವುದನ್ನು ಸಹಜವೆಂಬಂತೆ ಬರೆದಿದ್ದಾರೆ. ನನಗೆ ಅಷ್ಟು ಸಮಾಧಾನವಿಲ್ಲ. ಭಾರತೀಯ ರಾಯಭಾರ ಕಚೇರಿಯು 2022ರ ಅಕ್ಟೋಬರಿನಲ್ಲಿ ಉಕ್ರೇನಿಗೆ ಪ್ರಯಾಣಿಸಬಾರದೆಂದೂ ಅಲ್ಲಿರುವವರು ಹೊರಡಬೇಕೆಂದೂ ಸೂಚಿಸಿತ್ತು. ಈಗ ಯಾವ ಸೂಚನೆ ಜಾರಿಯಲ್ಲಿದೆ ಎಂಬುದನ್ನು ಕೀವ್‌ನಲ್ಲಿರುವ ಕಚೇರಿಯಿಂದಲೇ ತಿಳಿದುಕೊಂಡು, ಹೋದರೆ ಅಲ್ಲಿ ಹೆಸರು ನೋಂದಾಯಿಸಿ. ಎರಡನೆಯದಾಗಿ, ನೀವು ಬರಿಯ ನಗರವಾಸಿಯಲ್ಲ. 2023ರ ಜುಲೈನಲ್ಲಿ ಉಕ್ರೇನಿನ ಧಾನ್ಯವನ್ನು ಕಪ್ಪುಸಮುದ್ರದ ಮೂಲಕ ಸಾಗಿಸಲು ಅವಕಾಶ ಕೊಟ್ಟಿದ್ದ ಧಾನ್ಯ ಒಪ್ಪಂದದಿಂದ ರಷ್ಯಾ ಹೊರಬಂದ ಕೂಡಲೇ ದಾಳಿಗೆ ಗುರಿಯಾದದ್ದು ಧಾನ್ಯದ ಕಣಜಗಳು ಮತ್ತು ಬಂದರಿನ ಕಟ್ಟೆಗಳೇ. ಅದೇ ತಿಂಗಳ 23ರಂದು ಊರಿನ ದೊಡ್ಡ ಕ್ಯಾಥೆಡ್ರಲ್ ಕೂಡ ಹಾನಿಗೊಂಡಿತು. ಅನಂತರ ಉಕ್ರೇನ್ ತಾನೇ ತೆರೆದ ಕಡಲದಾರಿಯಲ್ಲಿ ಹಡಗುಗಳು ಓಡಾಡುತ್ತಿವೆ, ನಿಜ, ಆದರೆ ಬಂದರುಗಳ ಮೇಲಿನ ದಾಳಿ ನಿಂತಿಲ್ಲ. ಆದ್ದರಿಂದ ಸಂಸ್ಥೆಯಿಂದ ಬರಹದಲ್ಲಿ ಕೇಳಬೇಕಾದವು ಇವು: ವಿಮೆಯು ಯುದ್ಧದಿಂದಾದ ಗಾಯ ಮತ್ತು ಸಾವನ್ನು ಒಳಗೊಳ್ಳುತ್ತದೆಯೇ, ಸೈರನ್ ಆದಾಗ ಕಟ್ಟೆಯ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗಿದೆ, ತುರ್ತಾಗಿ ಹೊರಡಬೇಕಾದರೆ ಗಡಿಯವರೆಗಿನ ವೆಚ್ಚ ಯಾರದು. ಸಾಮಾನ್ಯ ಪ್ರವಾಸ ವಿಮೆಗಳು ಯುದ್ಧವನ್ನು ಹೊರಗಿಡುತ್ತವೆ, ಸಣ್ಣ ಅಕ್ಷರಗಳನ್ನು ಓದದೆ ಸಹಿ ಹಾಕಬೇಡಿ.

ಧಾನ್ಯಪರೀಕ್ಷಕ

ಎಲ್ಲರಿಗೂ ಕೃತಜ್ಞತೆಗಳು. ವಿಮೆಯ ಪ್ರಶ್ನೆಗಳನ್ನು ಈ ದಿನವೇ ಸಂಸ್ಥೆಗೆ ಕಳಿಸಿದ್ದೇನೆ. ಇನ್ನೊಂದು ಸಂದೇಹ: ರಾತ್ರಿ ಸೈರನ್ ಆದಾಗಲೆಲ್ಲ ನೆಲಮಾಳಿಗೆಗೆ ಇಳಿಯಬೇಕೇ? ಮರುದಿನ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವರು ಇದನ್ನು ಹೇಗೆ ನಿಭಾಯಿಸುತ್ತಾರೆ?

ತಾಯಿರೋವ ನಿವಾಸಿ

ನಿಯಮದಂತೆ ಉತ್ತರ ಹೌದು, ಪ್ರತಿ ಬಾರಿಯೂ ಇಳಿಯಬೇಕು. ಜನರು ನಡೆದುಕೊಳ್ಳುವುದು ಹಾಗಲ್ಲ. ಆದರೂ ಹೊಸಬರು ಮೊದಲ ತಿಂಗಳುಗಳಲ್ಲಿ ನಿಯಮವನ್ನೇ ಪಾಲಿಸುವುದು ಲೇಸು, ಏಕೆಂದರೆ ಯಾವಾಗ ಮಲಗಿರಬಹುದು ಎಂಬ ಅಂದಾಜು ಅನುಭವದಿಂದ ಬರುವಂಥದ್ದು, ಆ ಅಂದಾಜೂ ಕೆಲವೊಮ್ಮೆ ಹುಸಿಯಾಗುತ್ತದೆ. ಫೋನಿನಲ್ಲಿ ವಾಯುದಾಳಿ ಎಚ್ಚರಿಕೆಯ ಆ್ಯಪ್ ಹಾಕಿಕೊಂಡು ಒಡೆಸಾವನ್ನು ಆರಿಸಿ. ಅದು ಇಂಗ್ಲಿಷಿನಲ್ಲಿಯೂ ಮಾತನಾಡುತ್ತದೆ. ಎಚ್ಚರಿಕೆ ಯಾವುದರ ಬಗ್ಗೆ ಎಂದು ತಿಳಿಯುವುದು ಮುಖ್ಯ. ಶಾಹೆದ್ ಡ್ರೋನ್‌ಗಳು ನಿಧಾನವಾಗಿ ಕಡಲ ಮೇಲಿಂದ ಬರುತ್ತವೆ, ಮೊಪೆಡ್ಡಿನಂತೆ ಸದ್ದು ಮಾಡುತ್ತವೆ, ಕೆಳಗಿಳಿಯಲು ಸಮಯವಿರುತ್ತದೆ. ಕ್ರೈಮಿಯಾದಿಂದ ಹಾರಿಸುವ ಬ್ಯಾಲಿಸ್ಟಿಕ್ ಕ್ಷಿಪಣಿ ಕೆಲವೇ ನಿಮಿಷಗಳಲ್ಲಿ ಬಂದುಬಿಡುತ್ತದೆ; ಸೈರನ್‌ಗೂ ಮೊದಲೇ ಸ್ಫೋಟ ಕೇಳಿದ ಸಂದರ್ಭಗಳಿವೆ. ಆಗ ಮೆಟ್ಟಿಲುಗಳಲ್ಲಿ ಓಡುವುದು ಅಪಾಯ, ಆ ಎರಡು ಗೋಡೆಗಳ ನಡುಮನೆಯೇ ಗತಿ. ಲಿಫ್ಟನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ. ಬಾಗಿಲ ಬಳಿ ಪಾಸ್‌ಪೋರ್ಟ್, ಔಷಧಿ, ಪವರ್ ಬ್ಯಾಂಕ್, ಟಾರ್ಚ್, ಸ್ವಲ್ಪ ನಗದು ಇರುವ ಚೀಲ ಸಿದ್ಧವಿರಲಿ. ತುರ್ತು ಕರೆಗೆ 112, ಆಂಬುಲೆನ್ಸಿಗೆ 103.

ಫೊಂತಾನಿನ ಗೃಹಿಣಿ

ಊಟ, ನೀರು, ಕಡಲಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಸಸ್ಯಾಹಾರಿಗಳು ಇಲ್ಲಿ ಹಸಿದಿರಬೇಕಾಗಿಲ್ಲ, ಆದರೆ ಅಡುಗೆ ನೀವೇ ಮಾಡಿಕೊಳ್ಳಬೇಕು. ರೈಲು ನಿಲ್ದಾಣದ ಪಕ್ಕದ ಪ್ರಿವೋಜ್ ಮಾರುಕಟ್ಟೆಯಲ್ಲಿ ಬೇಸಿಗೆಯ ಟೊಮೇಟೊ, ಬದನೆ, ಬ್ರಿಂಜಾ ಚೀಸ್, ಒಣ ಕಾಳುಗಳು ಯಥೇಚ್ಛ. ಬೆಳಗ್ಗೆ ಬೇಗ ಹೋಗಿ, ಚೌಕಾಸಿ ಮಾಡಿ, ಪರ್ಸನ್ನು ಮುಂದಿನ ಜೇಬಿನಲ್ಲಿಡಿ. ಹೋಟೆಲಿನಲ್ಲಿ ತರಕಾರಿ ಸೂಪು ಎಂದು ಕೇಳಿದರೂ ಮಾಂಸದ ಸಾರಿನಲ್ಲಿಯೇ ಕುದಿಸಿರುವ ಸಾಧ್ಯತೆ ಹೆಚ್ಚು. 'ಪಿಸ್ನೆ' ಇದೆಯೇ ಎಂದು ಕೇಳುವುದು ಫಲಕಾರಿ, ಏಕೆಂದರೆ ಅದು ಚರ್ಚಿನ ಉಪವಾಸದ ಅಡುಗೆ, ಅದರಲ್ಲಿ ಮಾಂಸವೂ ಹಾಲು ಮೊಟ್ಟೆಯೂ ಇರುವುದಿಲ್ಲ.

ಅಂಗಡಿ ಕಚೇರಿಗಳಲ್ಲಿ ಮೊದಲ ಮಾತು ಉಕ್ರೇನಿಯನ್ನಿನಲ್ಲಿ ಇರಬೇಕೆಂದು 2021ರಿಂದ ಕಾನೂನಿದೆ, ಮನೆಯಂಗಳಗಳಲ್ಲಿ ರಷ್ಯನ್ ಇನ್ನೂ ಧಾರಾಳವಾಗಿ ಕೇಳಿಸುತ್ತದೆ. ನೀವು ಉಕ್ರೇನಿಯನ್ನನ್ನೇ ಕಲಿಯಿರಿ, ಅದಕ್ಕೂ ಮೊದಲು ಲಿಪಿಯನ್ನು ಕಲಿಯಿರಿ. ಅನೇಕ ಬೀದಿಗಳ ಹೆಸರುಗಳು ಬದಲಾಗಿವೆ: ಹಿಂದಿನ ಪುಷ್ಕಿನ್ಸ್ಕಾ ಈಗ ಇತಾಲಿಯ್ಸ್ಕಾ. ಟ್ಯಾಕ್ಸಿಯ ಆ್ಯಪ್ ಹೊಸ ಹೆಸರನ್ನು ತೋರಿಸುತ್ತದೆ, ನೆರೆಮನೆಯ ಅಜ್ಜಿ ಹಳೆಯದನ್ನೇ ಹೇಳುತ್ತಾರೆ, ಎರಡನ್ನೂ ಬರೆದಿಟ್ಟುಕೊಳ್ಳಿ. ವಿದ್ಯುತ್ ಹೋದಾಗ ಟ್ರಾಮ್ ಮತ್ತು ಟ್ರಾಲಿಬಸ್ ನಿಲ್ಲುತ್ತವೆ, ಆಗ ಮಾರ್ಶ್ರುತ್ಕಾ ಎಂಬ ಸಣ್ಣ ಬಸ್ಸುಗಳೇ ಆಧಾರ.

ಕಡಲಿಗೆ ಹೋಗಬಹುದು, ಆದರೆ ಆಡಳಿತವು ತೆರೆದಿರುವ ತೀರಗಳಿಗೆ ಮಾತ್ರ. ನಗರದ ಹೊರಗಿನ ನಿರ್ಜನ ತೀರಗಳಲ್ಲಿ ನೆಲಬಾಂಬುಗಳ ಅಪಾಯವಿದೆ, ಬಿರುಗಾಳಿಯ ನಂತರ ಕಡಲಬಾಂಬುಗಳು ತೇಲಿಬಂದದ್ದೂ ಉಂಟು. ಅಪರಿಚಿತ ವಸ್ತು ಕಂಡರೆ ಹತ್ತಿರ ಹೋಗದೆ 101ಕ್ಕೆ ಕರೆ ಮಾಡಿ. ಜುಲೈ ತಿಂಗಳ ಸೆಖೆಯಲ್ಲಿಯೂ ನೀರು ಒಮ್ಮೊಮ್ಮೆ ಹೆಪ್ಪುಗಟ್ಟಿಸುವಷ್ಟು ತಣ್ಣಗಿರುತ್ತದೆ, ಏಕೆಂದರೆ ನೆಲದ ಕಡೆಯಿಂದ ಬೀಸುವ ಗಾಳಿ ಮೇಲಿನ ಬಿಸಿನೀರನ್ನು ದೂರ ತಳ್ಳಿ ತಳದ ನೀರನ್ನು ದಡಕ್ಕೆ ತರುತ್ತದೆ. ಚಳಿಗಾಲದ ಚಳಿ ಕೀವ್‌ನಷ್ಟು ಕಡುವಲ್ಲ, ಆದರೆ ಇಲ್ಲಿನ ಗಾಳಿ ತೇವದ್ದು; ದಪ್ಪ ಕೋಟಿಗಿಂತ ಗಾಳಿ ತಡೆಯುವ ಮೇಲಂಗಿ ಮುಖ್ಯ.

ನಲ್ಲಿಯ ನೀರು ದ್ನಿಸ್ತರ್ ನದಿಯದು, ಬಿಲ್ಯಾಯಿವ್ಕಾದಲ್ಲಿ ಶುದ್ಧಿಮಾಡಿ ಕಳಿಸುತ್ತಾರೆ. ಪಾತ್ರೆ ಬಟ್ಟೆಗೆ ಅದು ಸಾಕು, ಕುಡಿಯಲು ಹೆಚ್ಚಿನವರು ಬಳಸುವುದಿಲ್ಲ. ಉದ್ಯಾನಗಳಲ್ಲಿಯೂ ಬಡಾವಣೆಗಳಲ್ಲಿಯೂ 'ಬ್ಯುವೆತ್' ಎಂಬ ಆಳಬಾವಿಯ ನೀರಿನ ಕಟ್ಟೆಗಳಿವೆ, ಅಲ್ಲಿ ಉಚಿತವಾಗಿ ತುಂಬಿಸಿಕೊಳ್ಳಬಹುದು. ಮನೆಗೆ ಹತ್ತಿರದ ಕಟ್ಟೆ ಯಾವುದೆಂದು ಮೊದಲ ವಾರವೇ ನೋಡಿಕೊಂಡು, ಐದು ಲೀಟರಿನ ಕೆಲವು ಬಾಟಲಿಗಳನ್ನು ಸದಾ ತುಂಬಿಟ್ಟಿರಿ.